ಬಾಯ್ಲರ್ ಕೊಳ್ಳುವ ಮುನ್ನ ರೇಡಿಯೇಟರ್ ಎಣಿಸಿ

ಪ್ರಶ್ನೆ: ಮಾನ್ಯರೇ, ನಾನು ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಬಾಯ್ಲರ್ ಅಟೆಂಡೆಂಟ್ ಆಗಿದ್ದು ನಿವೃತ್ತನಾದವನು. ನನ್ನ ಮಗ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಹಳೆಯ ಮನೆಯೊಂದನ್ನು ಕೊಂಡಿದ್ದಾನೆ. ಅದರ ನೆಲಮಾಳಿಗೆಯಲ್ಲಿ ಎಣ್ಣೆಯಿಂದ ಉರಿಯುವ ಸ್ಟೀಮ್ ಬಾಯ್ಲರ್ ಇದೆ. ಹಬೆ ಯಾವ ಪೈಪಿನಲ್ಲಿ ಕೋಣೆಗಳನ್ನು ಬಿಸಿ ಮಾಡುವ ರೇಡಿಯೇಟರಿಗೆ ಹೋಗುತ್ತದೋ ಅದೇ ಪೈಪಿನಲ್ಲಿ ನೀರಾಗಿ ಇಳಿದು ಬರುತ್ತದೆ. ಬಾಯ್ಲರಿನ ಬ್ಲಾಕು ತುಕ್ಕು ಹಿಡಿದು ಸೋರುತ್ತಿರುವುದರಿಂದ ಗ್ಯಾಸಿನದನ್ನು ಹಾಕಿಸಬೇಕೆಂದಿದ್ದಾನೆ. ಒಬ್ಬ ಗುತ್ತಿಗೆದಾರ ಹಳೆಯದರ ಪ್ಲೇಟ್ ನೋಡಿ ಅಷ್ಟೇ ಸಾಮರ್ಥ್ಯದ್ದಕ್ಕೆ ಕೊಟೇಶನ್ ಕೊಟ್ಟಿದ್ದಾನೆ. ಇನ್ನೊಬ್ಬ ಕೋಣೆ ಕೋಣೆಗೂ ಹೋಗಿ ರೇಡಿಯೇಟರ್‌ಗಳನ್ನು ಅಳೆದು, ಚಿಕ್ಕ ಬಾಯ್ಲರ್ ಸಾಕೆಂದು ಹೇಳಿಯೂ ಹೆಚ್ಚು ಹಣ ಕೇಳುತ್ತಿದ್ದಾನೆ. ಯಾರನ್ನು ನಂಬಬೇಕು? ಮಹಡಿಯ ಕೊನೆಯ ಕೋಣೆ ಸರಿಯಾಗಿ ಬಿಸಿಯಾಗುವುದಿಲ್ಲ; ಪ್ರೆಷರ್ ಏರಿಸಿದರೆ ಆಗುವುದಿಲ್ಲವೇ? ಅಥವಾ ಸ್ಟೀಮಿನ ಗೊಡವೆಯೇ ಬೇಡವೆಂದು ಬಿಸಿನೀರಿನ ವ್ಯವಸ್ಥೆಗೆ ಬದಲಿಸುವುದು ಒಳ್ಳೆಯದೇ?

ಉತ್ತರ: ಅಳತೆ ತೆಗೆದುಕೊಂಡವನನ್ನು ನಂಬಬಹುದು. ಗಿರಣಿಯಲ್ಲಿ ಹಬೆಯನ್ನು ಬಳಸುವ ಯಂತ್ರಗಳ ಲೆಕ್ಕ ಹಾಕಿ ಬಾಯ್ಲರ್ ಆರಿಸುತ್ತಿದ್ದರೇ ಹೊರತು ಹಳೆಯ ಬಾಯ್ಲರಿನ ಪ್ಲೇಟ್ ನೋಡಿ ಅಲ್ಲ ಎಂಬುದು ತಮಗೇ ಗೊತ್ತು. ಮನೆಯಲ್ಲಿ ಹಬೆಯನ್ನು ಬಳಸುವುದು ರೇಡಿಯೇಟರ್. ಬಾಯ್ಲರ್ ಉತ್ಪಾದಿಸುವ ಹಬೆಯೂ ರೇಡಿಯೇಟರ್‌ಗಳೆಲ್ಲ ಸೇರಿ ನೀರಾಗಿಸಬಲ್ಲ ಹಬೆಯೂ ಸರಿಸುಮಾರು ಸಮನಾಗಿರಬೇಕು. ಬಾಯ್ಲರ್ ದೊಡ್ಡದಾದರೆ ಪ್ರೆಷರ್ ಬೇಗನೆ ಏರಿ ಉರಿ ಪದೇ ಪದೇ ಆರಿ ಹತ್ತುತ್ತದೆ, ಗ್ಯಾಸ್ ವ್ಯರ್ಥವಾಗುತ್ತದೆ. ಚಿಕ್ಕದಾದರೆ ದೂರದ ರೇಡಿಯೇಟರ್ ಎಂದೂ ತುಂಬುವುದಿಲ್ಲ. ಹಳೆಯ ಬಾಯ್ಲರನ್ನು ಆರಿಸಿದವರು ಲೆಕ್ಕ ಹಾಕಿಯೇ ಆರಿಸಿದ್ದರೆಂದು ನಂಬಲು ಕಾರಣವಿಲ್ಲ. ನಡುವೆ ಯಾರಾದರೂ ಒಂದೆರಡು ರೇಡಿಯೇಟರ್‌ಗಳನ್ನು ಕಿತ್ತು ಹಾಕಿರಲೂಬಹುದು.

ಲೆಕ್ಕ ಕಷ್ಟದ್ದಲ್ಲ, ಮಗನೇ ಮಾಡಬಹುದು. ಅಲ್ಲಿ ರೇಡಿಯೇಟರನ್ನು ಇಡಿಆರ್ ಎಂಬ ಚದರ ಅಡಿಯ ಮಾನದಲ್ಲಿ ಅಳೆಯುತ್ತಾರೆ. ಹಬೆಯ ವ್ಯವಸ್ಥೆಯಲ್ಲಿ ಒಂದು ಚದರ ಅಡಿಗೆ ಗಂಟೆಗೆ 240 ಬಿಟಿಯು (ಶಾಖ ಅಳೆಯುವ ಬ್ರಿಟಿಷ್ ಮಾನ) ಶಾಖ. ಎರಕದ ಕಬ್ಬಿಣದ, 38 ಅಂಗುಲ ಎತ್ತರದ, ಮೂರು ಕಾಲಮ್ಮಿನ (ಲಂಬ ಕೊಳವೆಯ) ಹಳೆಯ ಮಾದರಿಯಲ್ಲಿ ಪ್ರತಿ ಸೆಕ್ಷನ್ನಿಗೆ, ಅಂದರೆ ಸಾಲಾಗಿ ಜೋಡಿಸಿದ ಒಂದೊಂದು ಹೋಳಿಗೆ, 5 ಚದರ ಅಡಿ ಹಿಡಿಯುತ್ತಾರೆ; ಹಾಗಾಗಿ ಹತ್ತು ಸೆಕ್ಷನ್ನಿನ ಒಂದು ರೇಡಿಯೇಟರ್ ಎಂದರೆ 50 ಚದರ ಅಡಿ, ಗಂಟೆಗೆ 12,000 ಬಿಟಿಯು. ಎತ್ತರ, ಕಾಲಮ್ಮುಗಳ ಸಂಖ್ಯೆ ಬದಲಾದಂತೆ ಈ ಅಂಕಿ ಬದಲಾಗುತ್ತದೆ, ಅದಕ್ಕೆ ಸಿದ್ಧ ಕೋಷ್ಟಕಗಳಿವೆ. ಎಲ್ಲವನ್ನೂ ಕೂಡಿಸಿದಾಗ 300 ಚದರ ಅಡಿ ಬಂದರೆ, ಬಾಯ್ಲರಿನ ಪ್ಲೇಟಿನಲ್ಲಿ ಸ್ಟೀಮ್ ಎಂದು ನಮೂದಿಸಿದ ಚದರ ಅಡಿಯೂ ಅದರ ಆಸುಪಾಸಿನಲ್ಲಿರಬೇಕು. ಪೈಪುಗಳನ್ನು ಬಿಸಿ ಮಾಡಲು ಬೇಕಾದ ಶೇ. 33ರಷ್ಟು ಹೆಚ್ಚುವರಿಯನ್ನು ತಯಾರಕರು ಆ ಅಂಕಿಯಲ್ಲಿ ಮೊದಲೇ ಲೆಕ್ಕಕ್ಕೆ ಹಿಡಿದಿರುತ್ತಾರೆ. ಅದು ತಿಳಿಯದೆ 'ಇರಲಿ, ಸ್ವಲ್ಪ ದೊಡ್ಡದೇ ಇರಲಿ' ಎಂದು ಮತ್ತಷ್ಟು ಸೇರಿಸುವವರು ಬಹಳ.

ಪ್ರೆಷರಿನ ವಿಚಾರದಲ್ಲಿ ಮಾತ್ರ ತಮ್ಮ ಗಿರಣಿಯ ಅನುಭವವನ್ನು ಸ್ವಲ್ಪ ಬದಿಗಿಡಬೇಕಾಗುತ್ತದೆ. ಅಲ್ಲಿ ಚದರ ಸೆಂ.ಮೀ.ಗೆ 7 ಕೆ.ಜಿ., 10 ಕೆ.ಜಿ. ಪ್ರೆಷರ್ ಕಂಡವರಿಗೆ ಇದು ಆಟಿಕೆಯಂತೆ ತೋರಬಹುದು, ಏಕೆಂದರೆ ಮನೆಯ ಬಾಯ್ಲರ್ ಸಾಮಾನ್ಯವಾಗಿ ಒಂದೂವರೆ ಪಿಎಸ್‌ಐ (ಚದರ ಅಂಗುಲಕ್ಕೆ ಪೌಂಡ್), ಅಂದರೆ ಸುಮಾರು 0.1 ಕೆ.ಜಿ.ಯಲ್ಲೇ ನಡೆಯುತ್ತದೆ. ಇಲ್ಲಿ ಹಬೆಯಿಂದ ಯಂತ್ರ ತಿರುಗಿಸುವ ಕೆಲಸವಿಲ್ಲ, ಅದರ ಗುಪ್ತೋಷ್ಣವಷ್ಟೇ (ಹಬೆ ನೀರಾಗುವಾಗ ಬಿಟ್ಟುಕೊಡುವ ಶಾಖ) ಬೇಕು, ಒಂದು ಕೆ.ಜಿ. ತೂಕದ ಹಬೆಗೆ ಸುಮಾರು 540 ಕಿಲೋಕ್ಯಾಲರಿಯಷ್ಟಿರುವ ಅದು ಪ್ರೆಷರ್ ಏರಿದರೆ ಕಡಿಮೆಯಾಗುತ್ತದೆಯೇ ಹೊರತು ಹೆಚ್ಚುವುದಿಲ್ಲ. ಕೊನೆಯ ಕೋಣೆ ತಣ್ಣಗಿರುವುದಕ್ಕೆ ಬಹುಮಟ್ಟಿಗೆ ಕಾರಣ ಪೈಪಿನೊಳಗಿನ ಗಾಳಿ. ಗಾಳಿ ಹೊರಹೋಗದೆ ಹಬೆ ಒಳಬರಲಾರದು. ಮುಖ್ಯ ಪೈಪಿನ ತುದಿಯಲ್ಲಿರುವ ಏರ್ ವೆಂಟ್ ಕಟ್ಟಿಕೊಂಡಿದೆಯೇ, ಆ ಕೋಣೆಯ ರೇಡಿಯೇಟರಿನ ವೆಂಟ್ ಕೆಲಸ ಮಾಡುತ್ತಿದೆಯೇ, ರೇಡಿಯೇಟರ್ ತನ್ನ ವಾಲ್ವಿನ ಕಡೆಗೆ ತುಸು ಇಳಿಜಾರಾಗಿದೆಯೇ ಎಂದು ನೋಡಲಿ. ಒಂದೇ ಪೈಪಿನ ವ್ಯವಸ್ಥೆಯಲ್ಲಿ ಇಳಿಜಾರು ತಪ್ಪಿದರೆ ನೀರು ನಿಂತು, ಹಬೆ ತಾಕಿದಾಗ ಸುತ್ತಿಗೆಯಿಂದ ಬಡಿದ ಸದ್ದು ಬರುತ್ತದೆ.

ಇನ್ನು ಹೆಚ್ಚಿನ ಹಣ ಯಾವುದಕ್ಕೆಂದು ಆ ಎರಡನೆಯವನನ್ನು ಕೇಳಬೇಕು. ಬಾಯ್ಲರಿನ ಸುತ್ತಲಿನ ಪೈಪುಗಳನ್ನು ತಯಾರಕರ ನಕ್ಷೆಯಂತೆ ಕಬ್ಬಿಣದ ಪೈಪಿನಲ್ಲಿ ಹೊಸದಾಗಿ ಕಟ್ಟುವುದಕ್ಕಾದರೆ ಅದು ಸಾರ್ಥಕ ಖರ್ಚು. ಹೊಸ ಬಾಯ್ಲರ್‌ಗಳು ಹಳೆಯವಕ್ಕಿಂತ ಚಿಕ್ಕವು, ನೀರು ಕಡಿಮೆ ಹಿಡಿಯುತ್ತವೆ. ಹಬೆಯಿಂದ ನೀರನ್ನು ಬೇರ್ಪಡಿಸುವ ಕೆಲಸದ ದೊಡ್ಡ ಪಾಲನ್ನು ಬಾಯ್ಲರಿನ ಮೇಲೆ ಅಡ್ಡಲಾಗಿರುವ ಹೆಡರ್ ಎಂಬ ಹೊರಗಿನ ಪೈಪು ಮಾಡಬೇಕು. ಹೆಡರ್, ಗೇಜ್ ಗ್ಲಾಸ್ ಎಂಬ ಗಾಜಿನ ಕೊಳವೆಯಲ್ಲಿ ಕಾಣುವ ನೀರಿನ ಮಟ್ಟದಿಂದ ಕನಿಷ್ಠ 24 ಅಂಗುಲ ಮೇಲಿರಬೇಕೆಂದು ತಯಾರಕರು ಸಾಮಾನ್ಯವಾಗಿ ಹೇಳುತ್ತಾರೆ. ಇಲ್ಲದಿದ್ದರೆ ತಾವು ಪ್ರೈಮಿಂಗ್ ಎನ್ನುತ್ತಿದ್ದ, ಹಬೆಯ ಜೊತೆ ನೀರೂ ಹೋಗುವ ಅದೇ ತೊಂದರೆ. ತಾಮ್ರದ ಪೈಪಿನಲ್ಲಿ ಬೆಸುಗೆ ಹಾಕಿ ಬೇಗ ಮುಗಿಸುತ್ತೇನೆಂದರೆ ಒಪ್ಪಬಾರದು, ಹಬೆಯ ಬಿಸಿಗೆ ಹಿಗ್ಗಿ ಕುಗ್ಗಿ ಬೆಸುಗೆ ಬಿಡುತ್ತದೆ. ಹಿಂದಿರುಗುವ ನೀರಿನ ಪೈಪನ್ನು 'ಹಾರ್ಟ್‌ಫರ್ಡ್ ಲೂಪ್' ಎಂಬ ವಿಧಾನದಲ್ಲಿ, ನೀರಿನ ಮಟ್ಟಕ್ಕಿಂತ ತುಸು ಕೆಳಗೆ ಜೋಡಿಸಿದ್ದಾನೆಯೇ ಎಂಬುದನ್ನೂ ನೋಡಬೇಕು. ಹಿಂದಿರುಗುವ ಪೈಪು ಎಲ್ಲೋ ಸೋರಿದರೂ ಬಾಯ್ಲರ್ ಪೂರ್ತಿ ಖಾಲಿಯಾಗಿ ಕಾಯದಂತೆ ತಡೆಯುವ ಈ ಉಪಾಯವನ್ನು 1919ರಲ್ಲಿ ಬಾಯ್ಲರ್ ವಿಮಾ ಕಂಪನಿಯೊಂದು ರೂಢಿಗೆ ತಂದಿತು. ನೀರಿಳಿದರೆ ಕರಗುವ ಗಿರಣಿಯ ಫ್ಯೂಸಿಬಲ್ ಪ್ಲಗ್ಗಿನ ಜಾಗದಲ್ಲಿ ಇಲ್ಲಿ ಲೋ ವಾಟರ್ ಕಟ್‌ಆಫ್ ಇರುತ್ತದೆ, ನೀರಿಳಿದರೆ ಉರಿ ತಾನೇ ನಿಲ್ಲುತ್ತದೆ.

ಹೊಸ ಬಾಯ್ಲರ್ ಹಚ್ಚಿದ ದಿನ ಗೇಜ್ ಗ್ಲಾಸಿನಲ್ಲಿ ನೀರು ಕುಣಿದರೆ ಗಾಬರಿ ಬೇಡ. ಪೈಪಿಗೆ ತಿರುಪಿನ ಮರೆ ಕೊರೆಯುವಾಗ ಬಳಸಿದ ಎಣ್ಣೆ ನೀರಿನ ಮೇಲೆ ತೇಲಿ ಹೀಗಾಗುತ್ತದೆ. ನೀರಿನ ಮಟ್ಟದಲ್ಲಿರುವ ಸ್ಕಿಮ್ಮಿಂಗ್ ತೂತಿನಿಂದ ಸಣ್ಣ ಧಾರೆಯಲ್ಲಿ ಕೆಲವು ಗಂಟೆ ಮೇಲ್ಪದರವನ್ನು ಹರಿಯಬಿಡಬೇಕು, ಕೆಲವು ದಿನಗಳ ನಂತರ ಮತ್ತೊಮ್ಮೆ. ಅವಸರದಲ್ಲಿರುವ ಕೆಲಸಗಾರರು ಬಿಟ್ಟುಬಿಡುವುದು ಇದನ್ನೇ, ಆದ್ದರಿಂದ ಕೊಟೇಶನ್ನಿನಲ್ಲೇ ಬರೆಸಿಕೊಳ್ಳುವುದು ಲೇಸು.

ಬಿಸಿನೀರಿನ ವ್ಯವಸ್ಥೆಗೆ ಬದಲಿಸುವುದು ನನಗೆ ಸರಿಕಾಣುವುದಿಲ್ಲ. ಗ್ಯಾಸಿನ ಸ್ಟೀಮ್ ಬಾಯ್ಲರಿಗೆ 2021ರಿಂದ ಅಲ್ಲಿ ಕನಿಷ್ಠ ಶೇ. 82 ದಕ್ಷತೆ ಕಡ್ಡಾಯ; ಹೊಗೆಯ ತೇವದಲ್ಲಿರುವ ಶಾಖವನ್ನೂ ಹಿಡಿಯುವ ಬಿಸಿನೀರಿನ ಕಂಡೆನ್ಸಿಂಗ್ ಬಾಯ್ಲರ್ ಶೇ. 90 ದಾಟುತ್ತದೆ, ನಿಜ. ಆದರೆ ಅದಕ್ಕಾಗಿ ಪ್ರತಿ ರೇಡಿಯೇಟರಿಗೂ ಎರಡನೆಯ ಪೈಪು ಎಳೆಯಬೇಕು, ಗೋಡೆ ನೆಲ ಒಡೆಯಬೇಕು. ಅಲ್ಲದೆ 0.1 ಕೆ.ಜಿ. ಹಬೆಗೆ ಸೋರದಿದ್ದ ಹಳೆಯ ಕೀಲುಗಳು 1 ಕೆ.ಜಿ.ಗೆ ಹತ್ತಿರದ ನೀರಿನ ಪ್ರೆಷರಿಗೆ ಸೋರಬಹುದು.

ಎಣ್ಣೆಯಿಂದ ಗ್ಯಾಸಿಗೆ ಹೋಗುವಾಗ ಚಿಮಣಿಯನ್ನು ಮರೆಯಬಾರದು. ಗ್ಯಾಸಿನ ಹೊಗೆಯಲ್ಲಿ ತೇವ ಹೆಚ್ಚು. ಅದು ಇಟ್ಟಿಗೆಯ ಮೇಲೆ ಇಬ್ಬನಿಗಟ್ಟಿ ಗಾರೆಯನ್ನು ತಿನ್ನುತ್ತದೆ, ಹಳೆಯ ಮಸಿ ಕಳಚಿ ಬಿದ್ದು ದಾರಿ ಕಟ್ಟಿದರೆ ಕಾರ್ಬನ್ ಮೊನಾಕ್ಸೈಡ್ ಮನೆಯೊಳಗೇ ತುಂಬುತ್ತದೆ. ಚಿಮಣಿ ಶುಚಿ ಮಾಡಿಸಿ ಲೋಹದ ಲೈನರ್ ಹಾಕಿಸಬೇಕು, ಮಲಗುವ ಕೋಣೆಗಳ ಬಳಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಬೇಕು. ಹಳೆಯ ಪೈಪಿನ ಬಿಳಿ ಹೊದಿಕೆ ಕಲ್ನಾರಿನದಾಗಿರುವ ಸಂಭವವಿದೆ, ಅದನ್ನು ಮಗ ಕೈಯಿಂದ ಕೀಳುವುದು ಬೇಡ. ಎಣ್ಣೆಯ ಟ್ಯಾಂಕ್ ತೆಗೆಸುವಾಗ ಹೊರಗೋಡೆಯಲ್ಲಿರುವ ಅದರ ತುಂಬುವ ಪೈಪನ್ನೂ ಕೀಳಿಸಲಿ: ಟ್ಯಾಂಕ್ ಇಲ್ಲದ ಮನೆಗೆ ಲಾರಿಯವರು ವಿಳಾಸ ತಪ್ಪಿ ಬಂದು ನೆಲಮಾಳಿಗೆಗೇ ಎಣ್ಣೆ ಸುರಿದ ಪ್ರಸಂಗಗಳು ಅಲ್ಲಿ ನಡೆದಿವೆ. ಕೆಲಸವನ್ನು ಚಳಿ ಮುಗಿದ ಮೇಲೆ, ಮೇ ತಿಂಗಳ ನಂತರ ಇಟ್ಟುಕೊಂಡರೆ ಗುತ್ತಿಗೆದಾರರಿಗೂ ಬಿಡುವಿರುತ್ತದೆ.