ಸಂಪಾದಕರ ಉತ್ತರ: ಬಾಗಿದ ಹೂವಿನ ಪರವಾಗಿ

ದಾವಣಗೆರೆಯ ಓದುಗರೊಬ್ಬರು, ನಿವೃತ್ತ ಬ್ಯಾಂಕ್ ಅಧಿಕಾರಿ, ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಮಗಳ ಮನೆಗೆಂದು ಅಮೆರಿಕದ ಮಿಷಿಗನ್ ರಾಜ್ಯದ ಆ್ಯನ್ ಆರ್ಬರ್‌ಗೆ ಹೋಗಿದ್ದಾಗ ಅಲ್ಲಿನ ವಿಶ್ವವಿದ್ಯಾಲಯದ ಪಿಯೋನಿ ಎಂಬ ದೊಡ್ಡ ಹೂವಿನ ಗಿಡಗಳ ತೋಟವನ್ನು ನೋಡಿದರಂತೆ. ಅವರ ತಕರಾರಿನ ಸಾರ ಇಷ್ಟು: “ಮೊಗ್ಗಿನ ತುಂಬ ಇರುವೆ. ಹಿಂದಿನ ದಿನದ ಮಳೆಗೆ ಅರ್ಧಕ್ಕರ್ಧ ಹೂವು ಮಣ್ಣು ಮುಟ್ಟಿತ್ತು. ವರ್ಷದಲ್ಲಿ ಎರಡು ಮೂರು ವಾರ ಅರಳುವ ಈ ಹಳೆಯ ತಳಿಗಳಿಗೆ ಅಷ್ಟು ಜಾಗ, ಅಷ್ಟು ಆಳು. ಗಟ್ಟಿ ಕಾಂಡದ ಹೊಸ ತಳಿಗಳು ಬಂದಿರುವಾಗ ಹಳೆಯವನ್ನು ಕಿತ್ತು, ಅವುಗಳ ಫೋಟೊ ತೆಗೆದಿಟ್ಟರೆ ಸಾಲದೇ? ನಮ್ಮಲ್ಲೂ ಈಗ ಹಳೆಯ ತಳಿಯ ಹುಚ್ಚು ಶುರುವಾಗಿದೆ, ನಿಮ್ಮ ಪತ್ರಿಕೆ ಅದಕ್ಕೆ ಗಾಳಿ ಹಾಕುತ್ತಿದೆ.”

ಮಾನ್ಯರೇ,

ಕೈಬರಹದಲ್ಲಿ ನಾಲ್ಕು ಪುಟ ಬರೆಯುವವರು ಈಗ ಅಪರೂಪ. ತೋಟದ ಖರ್ಚಿನ ಅಂದಾಜನ್ನು ಅಂಚಿನಲ್ಲಿ ಪೆನ್ಸಿಲ್ಲಿನಿಂದ ಲೆಕ್ಕ ಹಾಕಿ, ಅದನ್ನು ಅಳಿಸದೆ ಕಳುಹಿಸುವವರು ಇನ್ನೂ ಅಪರೂಪ. ಆದ್ದರಿಂದ ನಿಮಗೆ ಸಲ್ಲಬೇಕಾದದ್ದನ್ನು ಮೊದಲೇ ಸಲ್ಲಿಸಿಬಿಡುತ್ತೇನೆ. ಹೌದು, ಆ ಹೂವುಗಳ ಕಾಲ ಮೇ ಕೊನೆಯಿಂದ ಜೂನ್ ನಡುವಿನ ತನಕ, ಅಷ್ಟೇ. ಹೌದು, ಉಳಿದ ದಿನಗಳಲ್ಲಿ ಅಲ್ಲಿರುವುದು ಬರೀ ಎಲೆ. ಬೂಷ್ಟು ರೋಗದ ಭಯಕ್ಕೆ ಚಳಿಗೆ ಮುನ್ನ ಅದನ್ನೂ ಕೊಯ್ದು ಹೊರಗೆ ಸಾಗಿಸಬೇಕು. ತುಂಬು ಎಸಳಿನ ಹಳೆಯ ತಳಿಗಳು ನೀರು ಕುಡಿದರೆ ತಲೆಯ ಭಾರ ತಾಳಲಾರವು ಎಂಬುದೂ ನಿಜ. ಇರುವೆಗಳ ವಿಷಯದಲ್ಲಿ ಮಾತ್ರ ತೋಟದವರ ತಪ್ಪಿಲ್ಲ. ಪಿಯೋನಿಯ ಮೊಗ್ಗು ಹೊರಮೈಯಲ್ಲೇ ಸಿಹಿ ಸುರಿಸುತ್ತದೆ, ಇರುವೆ ನೆಕ್ಕಿಕೊಂಡು ಹೋಗುತ್ತದೆ. ಇರುವೆಯಿಂದಲೇ ಹೂವು ಅರಳುತ್ತದೆ ಎನ್ನುವವರಿದ್ದಾರೆ. ಅದೂ ಸುಳ್ಳು, ಇರುವೆಯಿಂದ ಹೂವು ಕೆಡುತ್ತದೆ ಎನ್ನುವುದೂ ಸುಳ್ಳು.

ಇಷ್ಟು ಒಪ್ಪಿದ ಮೇಲೆ ಜಗಳಕ್ಕೆ ಬರುತ್ತೇನೆ.

ನೀವು ನೋಡಿದ ತೋಟ ಸರ್ಕಾರದ ಯಾವ ಯೋಜನೆಯಿಂದಲೂ ಹುಟ್ಟಿದ್ದಲ್ಲ. ಕಲಮಜೂ ಊರಿನ ಡಬ್ಲ್ಯು. ಇ. ಅಪ್‌ಜಾನ್ ಎಂಬ ವೈದ್ಯ, ಬೆರಳಿನಿಂದ ಒತ್ತಿದರೆ ಪುಡಿಯಾಗುವ ಮಾತ್ರೆಯನ್ನು ಕಂಡುಹಿಡಿದು ದೊಡ್ಡ ಔಷಧ ಕಂಪನಿ ಕಟ್ಟಿದವರು, ತಮ್ಮ ಮನೆಯ ಪಿಯೋನಿ ಸಂಗ್ರಹದಿಂದ 1922ರಲ್ಲಿ ತಾವು ಓದಿದ ವಿಶ್ವವಿದ್ಯಾಲಯಕ್ಕೆ ಗಿಡಗಳನ್ನು ಕೊಟ್ಟರು. ನೆಟ್ಟು, ಬೇರೂರಿಸಿ, ಜನರಿಗೆ ತೆರೆದದ್ದು 1927ರಲ್ಲಿ. ಇಂದು ಅಲ್ಲಿ 27 ಮಡಿಗಳಿವೆ, ಸುಮಾರು 800 ಗಿಡಗಳು, 350ಕ್ಕೂ ಹೆಚ್ಚು ಹಳೆಯ ತಳಿಗಳು. ಬಹುಪಾಲು 1950ಕ್ಕಿಂತ ಹಿಂದಿನವು. ಈ ಬಗೆಯ ಇಷ್ಟು ದೊಡ್ಡ ಸಂಗ್ರಹ ಉತ್ತರ ಅಮೆರಿಕದಲ್ಲಿ ಬೇರೆಲ್ಲೂ ಇಲ್ಲ. ಹೂವಿನ ಭರ ಏರಿದಾಗ ಒಟ್ಟಿಗೆ ಹತ್ತು ಸಾವಿರ ಹೂವು. ಟಿಕೆಟ್ ಇಲ್ಲ ಎಂಬುದನ್ನು ನೀವೇ ಬರೆದಿದ್ದೀರಿ, ಸ್ವಲ್ಪ ಅನುಮಾನದಿಂದಲೇ.

ಈಗ ನಿಮ್ಮ ಫೋಟೊದ ಮಾತು. ಬಾದಾಮಿ ಮಾವಿನ ಗೊರಟೆ ನೆಟ್ಟರೆ ಬಾದಾಮಿಯೇ ಬಂದೀತೆಂಬ ಭರವಸೆ ಇಲ್ಲ, ಅದಕ್ಕೇ ಕಸಿ ಕಟ್ಟುತ್ತೇವೆ. ಪಿಯೋನಿಯೂ ಹಾಗೆಯೇ. ಬೀಜದಿಂದ ಬರುವುದು ಬೇರೊಂದು ಗಿಡ, ಅದೂ ಹೂ ಬಿಡಲು ನಾಲ್ಕೈದು ವರ್ಷ ಕಾಯಿಸುತ್ತದೆ. ಅದೇ ತಳಿ ಬೇಕೆಂದರೆ ಚಳಿಗೆ ಮುನ್ನ ಬುಡವನ್ನು ಅಗೆದು, ಮೂರರಿಂದ ಐದು ಕಣ್ಣುಗಳಿರುವಂತೆ ಸೀಳಿ, ಕಣ್ಣು ಮಣ್ಣಿನೊಳಗೆ ಎರಡು ಅಂಗುಲಕ್ಕಿಂತ ಆಳ ಇಳಿಯದಂತೆ ನೆಡಬೇಕು. ಆಳವಾದರೆ ಗಿಡ ಬದುಕುತ್ತದೆ, ಹೂ ಬಿಡುವುದಿಲ್ಲ. ಮುನಿಸಿಕೊಂಡ ಸೊಸೆಯ ಹಾಗೆ. ಸರಿಯಾಗಿ ನೆಟ್ಟದ್ದೂ ಮೈತುಂಬಿ ಹೂ ಬಿಡಲು ಎರಡು ಮೂರು ವರ್ಷ ತೆಗೆದುಕೊಳ್ಳುತ್ತದೆ. ಆಮೇಲೆ ಕದಲಿಸದಿದ್ದರೆ ನೆಟ್ಟವನ ಮೊಮ್ಮಕ್ಕಳ ಕಾಲಕ್ಕೂ ಅಲ್ಲೇ ಇರುತ್ತದೆ.

ಎಂದರೆ ‘ಫೆಸ್ಟಿವಾ ಮ್ಯಾಕ್ಸಿಮಾ’ ಎಂಬ ಹೆಸರಿನಲ್ಲಿ ಇಂದು ಅರಳುವ ಬಿಳಿ ಹೂವು, ನಡುವೆ ನೆತ್ತರು ಚಿಮುಕಿಸಿದಂಥ ಕೆಂಪು ಗೀರಿರುವುದು, 1851ರಲ್ಲಿ ಫ್ರಾನ್ಸಿನ ಮಿಯೆಲೆ ಎಂಬಾತ ಹೊರತಂದ ಗಿಡದ ಸಂತಾನ ಅಲ್ಲ, ಅದೇ ಗಿಡದ ತುಂಡು. ಮೈಸೂರು ಸೀಮೆಯನ್ನು ಮಾರ್ಕ್ ಕಬ್ಬನ್ ನೋಡಿಕೊಳ್ಳುತ್ತಿದ್ದ ಕಾಲದಿಂದ ಯಾರೋ ಒಬ್ಬರು ಅದನ್ನು ಸೀಳಿ ಇನ್ನೊಬ್ಬರಿಗೆ ಕೊಡುತ್ತಲೇ ಬಂದಿದ್ದಾರೆ. ಫ್ರಾನ್ಸಿನ ನ್ಯಾನ್ಸಿ ಊರಿನ ಕಥೆ ಕೇಳಿ. ದ ಕುಸ್ಸಿ ಎಂಬ ಜಹಗೀರುದಾರನ ಸಂಗ್ರಹ ಕಾಲೋ ಎಂಬ ತೋಟಗಾರನಿಗೆ ಬಂತು, ಅವನದು ಕ್ರೂಸ್‌ಗೆ, ಕ್ರೂಸ್‌ನದು ಲೆಮ್ವಾನ್ ಮನೆತನಕ್ಕೆ. ಕಾಲೋ 1856ರಲ್ಲಿ ‘ಡಚೆಸ್ ದ ನೆಮೂರ್’ ಕೊಟ್ಟ, ಕ್ರೂಸ್ 1888ರಲ್ಲಿ ‘ಮಸ್ಯೂ ಜ್ಯೂಲ್ ಎಲೀ’ ಕೊಟ್ಟ, ಲೆಮ್ವಾನ್ 1906ರಲ್ಲಿ ‘ಸಾರಾ ಬರ್ನಾರ್’ ಕೊಟ್ಟರು. ಹೂವಿನಂಗಡಿಗಳಲ್ಲಿ ಇಂದಿಗೂ ಆ ಗುಲಾಬಿ ಬಣ್ಣದ ‘ಸಾರಾ’ಗೆ ಬೇಡಿಕೆ ಇದೆ. ಈ ಸರಪಳಿಯಲ್ಲಿ ಯಾರಾದರೊಬ್ಬರು ನಿಮ್ಮ ಹಾಗೆ ಅಂಚಿನಲ್ಲಿ ಲೆಕ್ಕ ಹಾಕಿ, ಹಿಂದಿನವನದು ಹಳೆಯ ಸರಕು ಎಂದು ಗುದ್ದಲಿ ಎತ್ತಿದ್ದರೆ ಏನು ಗತಿ?

ಗಟ್ಟಿ ಕಾಂಡದ ಹೊಸ ತಳಿಗಳೆಂದು ನೀವು ಹೊಗಳಿದ್ದೀರಲ್ಲ, ಹಳದಿ ಬಣ್ಣದವು, ಮಳೆಗೆ ಜಗ್ಗದವು. ಅವನ್ನು ಇತೋ ತಳಿಗಳು ಎನ್ನುತ್ತಾರೆ. ಜಪಾನಿನ ತೊಯಿಚಿ ಇತೋ 1948ರಲ್ಲಿ ಬುಡದಿಂದ ಚಿಗುರುವ ಬಿಳಿ ಪಿಯೋನಿಗೆ ಗಟ್ಟಿ ಕಡ್ಡಿಯ ಪೊದೆಯಾಗಿ ಬೆಳೆಯುವ ಮರಪಿಯೋನಿಯ ಪರಾಗ ಹಾಕಿ ಎಬ್ಬಿಸಿದ ಸಸಿಗಳಿಂದ ಆ ವಂಶ ಶುರುವಾಯಿತು. ಅವರು 1956ರಲ್ಲಿ ತೀರಿಕೊಂಡರು. ಸಸಿಗಳು ಹೂ ಬಿಟ್ಟದ್ದು ಅದಾದ ಎಷ್ಟೋ ವರ್ಷದ ಮೇಲೆ, ಅವರು ನೋಡಲಿಲ್ಲ. ಪರಾಗ ಕೊಟ್ಟ ಮರಪಿಯೋನಿ ಯಾವುದು ಗೊತ್ತೇ? ‘ಆಲಿಸ್ ಹಾರ್ಡಿಂಗ್’, ಅದೇ ನ್ಯಾನ್ಸಿಯ ಲೆಮ್ವಾನ್ ಮನೆಯದು. ನೀವು ಹೊಗಳುವ ಮೊಮ್ಮಗನ ಅಜ್ಜಿಯನ್ನೇ ಮನೆಯಿಂದ ಹೊರಗೆ ಹಾಕಲು ಹೊರಟಿದ್ದೀರಿ, ಸ್ವಾಮಿ.

ನನಗೆ ಪಿಯೋನಿಯ ಮೇಲೆ ಇಷ್ಟೊಂದು ಮಮತೆ ಏಕೆಂದು ಕೇಳಬೇಡಿ. ನಾನು ಕಂಡದ್ದು ಚಿತ್ರದಲ್ಲಿ ಮಾತ್ರ. ಚಳಿಗಾಲದ ದೀರ್ಘ ತಣಿವು ಸಿಗದೆ ಅದು ಹೂ ಬಿಡುವುದಿಲ್ಲವಾದ್ದರಿಂದ ಬೆಂಗಳೂರಿನಲ್ಲಿ ಆಸೆಪಡುವಂತೆಯೂ ಇಲ್ಲ. ಅದರ ಬಿಳಿಯ ಬಂಧುವೊಂದು ನಮ್ಮದೇ ಹಿಮಾಲಯದಲ್ಲಿ, ಕಾಶ್ಮೀರದಿಂದ ಉತ್ತರಾಖಂಡದವರೆಗೆ ಕಾಡಿನಲ್ಲಿ ಬೆಳೆಯುತ್ತದೆ, ಅಷ್ಟೇ ಸಮಾಧಾನ. ನನ್ನ ಮಮತೆಯ ಮೂಲ ಡೇರೆ.

ನಮ್ಮದು ಸಾಗರದ ಕಡೆಯ ಊರು. ಡೇಲಿಯಾ ಎಂದು ನೀವು ಕರೆಯುವುದು ನಮ್ಮಲ್ಲಿ ಡೇರೆ. ಮಳೆಗಾಲದಲ್ಲಿ ಅಂಗಳದ ತುಂಬ ಡೇರೆ ಇಲ್ಲದ ಮನೆಯೆಂದರೆ ಏನೋ ಕೊರತೆಯ ಮನೆ. ಗಡ್ಡೆಗಳನ್ನು ದುಡ್ಡು ಕೊಟ್ಟು ತಂದವರನ್ನು ನಾನು ಕಾಣೆ. ಮದುವೆಗೆ ಹೋದ ಹೆಂಗಸರು ಬರುವಾಗ ಚೀಲದ ತಳದಲ್ಲಿ ಒಂದು ಗಡ್ಡೆ ತರುತ್ತಿದ್ದರು, ಮುಂದಿನ ವರ್ಷ ಒಂದು ಗಡ್ಡೆ ವಾಪಸು ಹೋಗುತ್ತಿತ್ತು. ನನ್ನ ತಾಯಿಯ ಬಳಿ ಕಡುಗೆಂಪಿನ, ಎಸಳಿನ ತುದಿ ಮಾತ್ರ ಬೆಳ್ಳಗಿರುವ ಡೇರೆ ಇತ್ತು. ಅದರ ಹೆಸರು ‘ಅತ್ತೆಮನೆ ಡೇರೆ’. ಒಂದು ವರ್ಷ ಮುಳ್ಳುಹಂದಿ ನುಗ್ಗಿ ಸಾಲಿಗೆ ಸಾಲೇ ಗಡ್ಡೆಯನ್ನು ತಿಂದು ಹೋಯಿತು. ಎರಡು ದಿನ ಅಮ್ಮ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ನೆನಪಾಯಿತು, ಹೊಳೆಯಾಚೆಯ ಮನೆಗೆ ಒಂದು ಕೊಟ್ಟಿದ್ದಳು. ಹೋಗಿ ಕೇಳಿದರೆ ಅದಾಗಲೇ ಅವರ ಮನೆಯ ಹೆಮ್ಮೆ, ಹೆಸರು ‘ಬೆಳ್ಳಿ ಕುಂಕುಮ’. ತಾವೇ ತವರಿನಿಂದ ತಂದದ್ದೆಂದು ಆ ಮನೆಯಾಕೆಯ ವಾದ. ಗಡ್ಡೆ ಕೊಟ್ಟರು, ಹೆಸರನ್ನು ಬಿಟ್ಟುಕೊಡಲಿಲ್ಲ. ಇಬ್ಬರೂ ಸಾಯುವ ತನಕ ಆ ಹೂವಿಗೆ ಎರಡು ಹೆಸರು.

ಇದನ್ನು ಓದಿ ನಗಬೇಡಿ. ಪಿಯೋನಿಯವರಿಗೂ ಇದೇ ಬಾಧೆ. ಅಮೆರಿಕನ್ ಪಿಯೋನಿ ಸೊಸೈಟಿ 1903ರಲ್ಲಿ ಹುಟ್ಟಿದ್ದರ ಹಿಂದಿನ ಮುಖ್ಯ ಕಾರಣವೇ ಹೆಸರುಗಳ ಗೊಂದಲ. ಒಂದೇ ಹೂವಿಗೆ ಹಲವು ಹೆಸರು, ಒಂದೇ ಹೆಸರಿನಲ್ಲಿ ಹಲವು ಹೂವು. ಗಿಡ ಮಾರುವವರಿಗೆ ಅದರಿಂದ ಲಾಭವೂ ಇತ್ತೆನ್ನಿ. ಕಡೆಗೆ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಎಲ್ಲರ ಗಿಡಗಳನ್ನೂ ತರಿಸಿ ಅಕ್ಕಪಕ್ಕ ನೆಟ್ಟು, ಹೂವು ಬಿಡುವ ತನಕ ಕಾದು, ಒಂದೊಂದನ್ನೂ ಹೋಲಿಸಿ ಯಾವುದು ಯಾವುದೆಂದು ಗೊತ್ತುಮಾಡಿದರು. ಆ ಸಂಘದ ಪತ್ರಿಕೆಯನ್ನು ನೋಡಿಕೊಂಡವರಲ್ಲಿ ಒಬ್ಬರು ಎ. ಪಿ. ಸಾಂಡರ್ಸ್, ರಸಾಯನಶಾಸ್ತ್ರದ ಮೇಷ್ಟರು, ಬಿಡುವಿನಲ್ಲಿ ಸಾವಿರಾರು ಪಿಯೋನಿ ಸಸಿ ಎಬ್ಬಿಸಿದವರು. ಸಂಪಾದಕರೆಲ್ಲರೂ ಕೆಲಸಕ್ಕೆ ಬಾರದವರಲ್ಲ ಎಂಬುದಕ್ಕೆ ಇದನ್ನೂ ಬರೆದಿಟ್ಟುಕೊಳ್ಳಿ.

ಫೋಟೊ ನೋಡಿ ಇಂಥ ವ್ಯಾಜ್ಯ ಬಗೆಹರಿಸಲು ಬರುವುದಿಲ್ಲ. ಎಲೆ ಯಾವ ಬಣ್ಣದಲ್ಲಿ ಚಿಗುರುತ್ತದೆ, ಯಾವುದು ನಾಲ್ಕು ದಿನ ಮೊದಲು ಅರಳುತ್ತದೆ, ಮೂಗಿಗೆ ಹಿಡಿದರೆ ಏನನ್ನಿಸುತ್ತದೆ, ಇವಕ್ಕೆ ಗಿಡವೇ ಬೇಕು, ಗಿಡದ ಬುಡದಲ್ಲಿ ಸರಿಯಾದ ಹೆಸರಿನ ಪಟ್ಟಿ ಬೇಕು. ಅದೂ ಯಾರು ಬೇಕಾದರೂ ಹೋಗಿ ನೋಡಬಹುದಾದ ಜಾಗದಲ್ಲಿ. ಖಾಸಗಿ ತೋಟದ ಸಂಗ್ರಹ ಯಜಮಾನನ ಆಯುಸ್ಸಿನಷ್ಟೇ ಗಟ್ಟಿ. ಅಪ್‌ಜಾನ್‌ಗೆ ಅದು ಗೊತ್ತಿತ್ತು.

ಮಾರುಕಟ್ಟೆ ಉಳಿಸುತ್ತದೆ ಎನ್ನುವಿರಾ? ಉಳಿಸುತ್ತದೆ, ತನಗೆ ಬೇಕಾದದ್ದನ್ನು. ಉಡುಪಿಯ ಶಂಕರಪುರ ಮಲ್ಲಿಗೆಯನ್ನು ಚೆಂಡು, ಅಟ್ಟೆಗಳ ಲೆಕ್ಕದಲ್ಲಿ ಮಾರಲು ಪೇಟೆ ಇದೆ, ಅದರ ಚಿಂತೆ ನನಗಿಲ್ಲ. ನಂಜನಗೂಡಿನ ರಸಬಾಳೆಗೆ ಏನಾಯಿತು? ಸೊರಗು ರೋಗ ಬಂತು, ರೈತರು ಬೇರೆ ಬಾಳೆಗೆ ಹೋದರು, ಭೌಗೋಳಿಕ ಸೂಚಕದ ಪ್ರಮಾಣಪತ್ರ ಬರುವ ಹೊತ್ತಿಗೆ ತೋಟಗಳನ್ನು ಹುಡುಕುವಂತಾಗಿತ್ತು. ನಮ್ಮ ಅಪ್ಪೆಮಿಡಿಯಲ್ಲಿ ‘ಅನಂತಭಟ್ಟನ ಅಪ್ಪೆ’ ಎಂದೊಂದಿದೆ. ಒಬ್ಬ ಮನುಷ್ಯನ ಹೆಸರು ಒಂದು ಮಿಡಿಗೆ! ಚೀನಾದ ಲುವೊಯಾಂಗ್‌ನಲ್ಲಿ ಸಾವಿರ ವರ್ಷದ ಹಿಂದೆಯೇ ಮರಪಿಯೋನಿಗಳನ್ನು ಯಾವೋ ಮನೆಯ ಹಳದಿ, ವೇಯ್ ಮನೆಯ ನೇರಳೆ ಎಂದು ಕರೆಯುತ್ತಿದ್ದರು. ಆ ಹೆಸರುಗಳನ್ನು ಅವರು ಈಗಲೂ ಬಿಟ್ಟಿಲ್ಲ. ನಾವೋ, ಮಿಡಿ ಕೊಯ್ಯಲು ಕೊಂಬೆಯನ್ನೇ ಕಡಿಯುವ ಜನ.

ಇನ್ನು ನಮ್ಮ ಉದ್ಯಾನಗಳು. ಲಾಲ್‌ಬಾಗ್ ಶುರುವಾದದ್ದೇ 1760ರಲ್ಲಿ ಹೈದರಾಲಿಯ ಗಿಡದ ಹುಚ್ಚಿನಿಂದ. ಆಮೇಲೆ ಅದನ್ನು ನೋಡಿಕೊಂಡ ಕ್ಯಾಮರಾನ್, ಕ್ರುಂಬಿಗಲ್, ಮರಿಗೌಡ, ಒಬ್ಬರಿಗಿಂತ ಒಬ್ಬರು ಹುಚ್ಚರು. ಅಂಥವರ ನಾಡಿನಲ್ಲಿ ಈಚೆಗೆ ಒಂದು ಊರಿನ ಉದ್ಯಾನಕ್ಕೆ ಹೋಗಿದ್ದೆ, ಊರು ಯಾವುದೆಂದು ಹೇಳುವುದಿಲ್ಲ. ಬಾಗಿಲಲ್ಲಿ ಆಳೆತ್ತರದ ಗ್ರಾನೈಟ್ ಫಲಕ, ಅದರಲ್ಲಿ ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಘನ ಉಪಸ್ಥಿತಿ, ಗುತ್ತಿಗೆದಾರರು ಸೇರಿ ಹದಿನೇಳು ಹೆಸರು. ಒಳಗೆ ಒಂದು ಗಿಡಕ್ಕೂ ಹೆಸರಿಲ್ಲ. ಸೊಗಸಾದ ಹಳೆಯ ಗುಲಾಬಿಯೊಂದು ಮೂಲೆಯಲ್ಲಿತ್ತು. ಇದು ಯಾವ ತಳಿ ಎಂದು ಮಾಲಿಯನ್ನು ಕೇಳಿದೆ. “ಅದು ಕೆಂಪು, ಸ್ವಾಮಿ” ಎಂದ. ಅವನ ತಪ್ಪಲ್ಲ, ಅವನಿಗೆ ಯಾರೂ ಹೇಳಿಲ್ಲ. ಆರು ತಿಂಗಳ ನಂತರ ಹೋದರೆ ಆ ಮೂಲೆಯಲ್ಲಿ ಸಿಮೆಂಟ್ ಇಟ್ಟಿಗೆ ಹಾಸಿ, ಕಾಲು ಬೀಸುವ ವ್ಯಾಯಾಮದ ಯಂತ್ರ ನಿಲ್ಲಿಸಿದ್ದರು. ಅದಕ್ಕೊಂದು ಪ್ರತ್ಯೇಕ ಫಲಕ. ನೀವು ಪತ್ರದಲ್ಲಿ ‘ಉಪಯುಕ್ತ ಉದ್ಯಾನ’ ಎಂದು ಬಯಸಿದ್ದು ಇದೇ ಇರಬೇಕು.

ಕೋಪ ಬಂತು, ಕ್ಷಮಿಸಿ. ನಿಮ್ಮ ಪತ್ರದ ಕೊನೆಯಲ್ಲಿ, ನಿಮ್ಮ ಸಹಿಯ ಕೆಳಗೆ, ಬೇರೆ ಶಾಯಿಯಲ್ಲಿ ನಿಮ್ಮ ಮನೆಯವರು ಎರಡು ಸಾಲು ಸೇರಿಸಿದ್ದಾರೆ. ನೀವು ಗಮನಿಸಿದಿರೋ ಇಲ್ಲವೋ. “ಹೂವು ಬಹಳ ಚೆನ್ನಾಗಿತ್ತು. ತವರಿನ ಡೇರೆಯ ನೆನಪಾಯಿತು, ಆ ಕಡೆ ಈಗಲೂ ಗಡ್ಡೆ ಸಿಗುತ್ತದೆಯೇ?” ನಾಲ್ಕು ಪುಟಕ್ಕೆ ಉತ್ತರ ಬರೆಯಲು ನಾನು ಕುಳಿತದ್ದು ಆ ಎರಡು ಸಾಲಿಗಾಗಿ.

ಸಿಗುತ್ತದೆ ಎಂದು ಅವರಿಗೆ ಹೇಳಿ. ಮುಂಗಾರಿಗೆ ಮೊದಲು ಎರಡು ಗಡ್ಡೆ ಅಂಚೆಯಲ್ಲಿ ಬರುತ್ತವೆ. ಮಧ್ಯಾಹ್ನದ ಮೇಲೆ ನೆರಳು ಬೀಳುವ ಜಾಗದಲ್ಲಿ, ನೀರು ನಿಲ್ಲದಂತೆ ನೆಡಲಿ. ದಾವಣಗೆರೆಯ ಬಿಸಿಲಿಗೆ ಒಗ್ಗೀತೆಂಬ ಮಾತು ಕೊಡಲಾರೆ, ಅದಕ್ಕೇ ಎರಡು. ಕಟ್ಟಿದ ಚೀಟಿಯಲ್ಲಿ ‘ಅತ್ತೆಮನೆ ಡೇರೆ’, ‘ಬೆಳ್ಳಿ ಕುಂಕುಮ’ ಎರಡನ್ನೂ ಬರೆದಿರುತ್ತೇನೆ. ಯಾವ ಹೆಸರಿನಿಂದ ಕರೆಯುವುದೆಂಬುದು ಅವರಿಗೆ ಬಿಟ್ಟದ್ದು, ನಿಮಗಲ್ಲ.

— ಸಂಪಾದಕ