ಬೇರೆಯವರ ಮೂಗಿನ ಫೋಟೊ ತೋರಿಸಿದರೆ ಸರ್ಜರಿಯಲ್ಲಿ ಅದೇ ಮೂಗು ಬರುತ್ತಾ?

ಬರಲ್ಲ. ನಾನೂ ಫೋನಿನ ತುಂಬಾ ಮೂಗುಗಳನ್ನು ಕೂಡಿಟ್ಟುಕೊಂಡು ಸರ್ಜನ್ ಮುಂದೆ ಹೋಗಿ ಕೂತವಳು. ನೀವು ಬರೆದಿರೋದು ನೋಡಿದರೆ ನಿಮ್ಮದೂ ಅದೇ ಕಥೆ: ಮೂಗಿನ ಮೇಲೆ ಉಬ್ಬು, ತುದಿ ದಪ್ಪ, ಕೈಯಲ್ಲಿ ಒಬ್ಬ ನಟಿಯ ಫೋಟೊ, ಜೊತೆಗೆ ಸರ್ಜರಿಯ ಎರಡು ವಿಧಾನಗಳಲ್ಲಿ ಓಪನ್ ಒಳ್ಳೆಯದೋ ಕ್ಲೋಸ್ಡ್ ಒಳ್ಳೆಯದೋ ಅನ್ನೋ ಗೊಂದಲ. ಓಪನ್-ಕ್ಲೋಸ್ಡ್ ಬಗ್ಗೆ ಕೊನೆಗೆ ಹೇಳುತ್ತೇನೆ. ಅದಕ್ಕಿಂತ ಮುಖ್ಯವಾದ ಒಂದು ಪ್ರಶ್ನೆಯನ್ನು ನೀವು ಕೇಳಿಯೇ ಇಲ್ಲ: ನನ್ನ ಉಳಿದ ಮುಖಕ್ಕೆ ಎಂಥ ಮೂಗು ಒಗ್ಗುತ್ತದೆ? ನಾನೂ ಕೇಳಿರಲಿಲ್ಲ.

ಸರ್ಜನ್ ನನ್ನ ಮುಖದ ಫೋಟೊಗಳನ್ನು ಎದುರಿನಿಂದ, ಎರಡೂ ಪಕ್ಕದಿಂದ, ಕೆಳಗಿನಿಂದ ತೆಗೆದರು. ಪಕ್ಕದ ಫೋಟೊ ನೋಡಿ, "ನಿಮ್ಮ ಗದ್ದ ಸ್ವಲ್ಪ ಹಿಂದಿದೆ. ಮೂಗು ದೊಡ್ಡದಾಗಿ ಕಾಣೋಕೆ ಅದೂ ಒಂದು ಕಾರಣ. ಎರಡನ್ನೂ ಒಟ್ಟಿಗೆ ಯೋಚಿಸೋಣ" ಅಂದರು. ನನಗೆ ಕೇಳಿಸಿದ್ದೇ ಬೇರೆ: ಬಿಲ್ ಜಾಸ್ತಿ ಮಾಡೋ ಉಪಾಯ! ಮೂಗಿಗೆ ಅಂತ ಬಂದವಳಿಗೆ ಗದ್ದದ ಆಪರೇಷನ್ ಯಾಕೆ? "ಗದ್ದ ಬೇಡ ಡಾಕ್ಟರೇ, ಅದರ ಬದಲು ಮೂಗನ್ನೇ ಇನ್ನೂ ಸ್ವಲ್ಪ ಸಣ್ಣ ಮಾಡಿಬಿಡಿ" ಅಂದೆ.

ಕೊನೆಗೆ ಅವರು ಹಾಗೇ ಮಾಡಿದರು. ನನ್ನ ಮುಖ ಕೆಟ್ಟಿದ್ದು ಆ ಒಂದು ಮಾತಿನಿಂದ. ಅದು ಯಾಕೆ ತಪ್ಪು ಅಂತ ಬಿಡಿಸಿ ಹೇಳುತ್ತೇನೆ, ಸ್ವಲ್ಪ ಉದ್ದ ಆದರೂ ಓದಿ.

ಮುಖವನ್ನು ಪಕ್ಕದಿಂದ ನೋಡುವಾಗ ಯಾರೂ ಮೂಗನ್ನು ಮಿಲಿಮೀಟರ್‌ನಲ್ಲಿ ಅಳೆಯುವುದಿಲ್ಲ. ಹಣೆ, ತುಟಿ, ಗದ್ದ ಎಷ್ಟು ಮುಂದಿವೆ ಅನ್ನೋದರ ಜೊತೆ ಹೋಲಿಸುತ್ತದೆ ಕಣ್ಣು. ಗದ್ದ ಹಿಂದೆ ಸರಿದಿದ್ದರೆ, ಸರಿಯಾದ ಅಳತೆಯ ಮೂಗೂ ಮುಂದಕ್ಕೆ ಚಾಚಿದ ಹಾಗೆ ಕಾಣುತ್ತದೆ. ಇದನ್ನು ನೋಡೋಕೆ ಸರ್ಜನ್‌ಗಳಿಗೆ ಒಂದು ಸರಳ ಲೆಕ್ಕ ಇದೆ. ಕೆಳತುಟಿಯಿಂದ ನೇರ ಕೆಳಗೆ ಒಂದು ಗೆರೆ ಎಳೆದರೆ, ಗಂಡಸರ ಗದ್ದ ಹೆಚ್ಚುಕಡಿಮೆ ಆ ಗೆರೆಗೆ ತಾಗಬೇಕು. ಹೆಂಗಸರದ್ದು 2-3 ಮಿಲಿಮೀಟರ್ ಹಿಂದಿದ್ದರೂ ಚೆಂದ. ನನ್ನದು ಅದಕ್ಕಿಂತ ಬಹಳ ಹಿಂದಿತ್ತು. ಅಂದರೆ ಗದ್ದದಲ್ಲಿದ್ದ ಕೊರತೆಯನ್ನು ಮೂಗು ಕತ್ತರಿಸಿ ತುಂಬಿಸಿ ಅಂತ ನಾನು ಕೇಳಿದ್ದು. ಅಷ್ಟು ಕಳೆದುಕೊಳ್ಳುವ ಶಕ್ತಿ ಮೂಗಿಗೆ ಇರಲ್ಲ.

ಅದರ ಮೇಲೆ ನನ್ನದು ದಪ್ಪ, ಎಣ್ಣೆ ಚರ್ಮ. ಒಳಗಿನ ಮೂಳೆ, ಕಾರ್ಟಿಲೇಜ್ (ಮೆತ್ತಗಿನ ಮೂಳೆ) ಎಷ್ಟು ಸಣ್ಣ ಮಾಡಿದರೂ ಮೇಲಿನ ಚರ್ಮ ಅಷ್ಟೇ ಕುಗ್ಗುತ್ತದೆ ಅಂತೇನಿಲ್ಲ. ದಪ್ಪ ಕಂಬಳಿ ಹೊದಿಸಿದ ಮೇಲೆ ಕೆಳಗಿರುವ ವಸ್ತುವಿನ ಅಂಚು ಕಾಣುತ್ತದಾ? ಹಾಗೆಯೇ ಇದೂ. ಇಂಥ ಚರ್ಮ ಇರುವವರಿಗೆ ಮೂಗಿನ ತುದಿಯ ಚೌಕಟ್ಟು ಗಟ್ಟಿಯಾಗಿರಬೇಕು, ಆಗಲೇ ಆಕಾರ ಹೊರಗೆ ಕಾಣುವುದು. ನನ್ನದರಲ್ಲಿ ಆಧಾರ ಕಮ್ಮಿಯಾಗಿ, ತುದಿಯ ಮೇಲಿನ ಖಾಲಿ ಜಾಗದಲ್ಲಿ ಗಾಯ ಮಾಗುವಾಗ ಬರುವ ಅಂಗಾಂಶ ತುಂಬಿಕೊಂಡಿತು. ಗಿಳಿ ಕೊಕ್ಕಿನ ಹಾಗೆ ಒಂದು ಬಾಗು. ಡಾಕ್ಟರುಗಳು ಇದನ್ನು ಪಾಲಿಬೀಕ್ ಅನ್ನುತ್ತಾರೆ. ಉಬ್ಬು ತೆಗೆಸೋಕೆ ಹೋಗಿ ಅದರ ಕೆಳಗೆ ಇನ್ನೊಂದು ಉಬ್ಬು ಸಂಪಾದಿಸಿದೆ.

ಚರ್ಮ ತೆಳ್ಳಗಿರುವವರ ಕಷ್ಟ ಇದರ ಉಲ್ಟಾ. ಒಳಗಿನ ಸಣ್ಣ ಏರುತಗ್ಗೂ ಹೊರಗೆ ಕಾಣುತ್ತದೆ. ಅಲ್ಲಿ ಕೈ ತುಂಬಾ ನಾಜೂಕಾಗಿರಬೇಕು.

ಉಸಿರಾಟದ ವಿಷಯವನ್ನೂ ಹೇಳಲೇಬೇಕು. ಮೂಗಿನೊಳಗೆ ಗಾಳಿ ಹೋಗುವ ದಾರಿಯಲ್ಲಿ ಅತಿ ಕಿರಿದಾದ ಜಾಗ ಮಧ್ಯಭಾಗದಲ್ಲಿದೆ. ಅಲ್ಲಿ ನಡುಗೋಡೆಗೂ ಪಕ್ಕದ ಗೋಡೆಗೂ ನಡುವಿನ ಕೋನ ಸಾಮಾನ್ಯವಾಗಿ 10-15 ಡಿಗ್ರಿ ಅಷ್ಟೇ. ಉಬ್ಬು ಕತ್ತರಿಸುವುದು ಅಂದರೆ ಆ ಜಾಗದ ಚಾವಣಿಯನ್ನೇ ತೆಗೆದ ಹಾಗೆ. ಮತ್ತೆ ಸರಿಯಾಗಿ ಆಧಾರ ಕೊಡದಿದ್ದರೆ ಪಕ್ಕದ ಗೋಡೆಗಳು ಒಳಕ್ಕೆ ಬೀಳುತ್ತವೆ. ಜೋರಾಗಿ ಉಸಿರೆಳೆದುಕೊಂಡರೆ ನನ್ನ ಬಲಗಡೆ ಮುಚ್ಚಿಕೊಳ್ಳುತ್ತಿತ್ತು. ಹೀಗಾಗಬಹುದು ಅಂತ ಸರ್ಜನ್ ಮೊದಲೇ ಹೇಳಿದ್ದರು, ಅದು ನಿಜ. ಆದರೂ, ನಾನು ಹಟ ಹಿಡಿದಾಗ "ಹಾಗಾದರೆ ನಾನು ಮಾಡಲ್ಲ" ಅನ್ನಬೇಕಿತ್ತು ಅಂತ ನನಗೆ ಇವತ್ತಿಗೂ ಅನಿಸುತ್ತದೆ. ಕೇಳಿದ್ದಕ್ಕೆಲ್ಲ ಹೂಂ ಅನ್ನುವ ಸರ್ಜನ್ ಸಿಕ್ಕರೆ ಎದ್ದು ಬನ್ನಿ.

ಮೊದಮೊದಲು ಎಲ್ಲವನ್ನೂ ಊತದ ಮೇಲೆ ಹಾಕಿದೆ. ಅದರಲ್ಲಿ ಅರ್ಧ ನಿಜವೂ ಇತ್ತು. ತುದಿಯ ಊತ ಇಳಿಯೋಕೆ ಒಂದು ವರ್ಷ ಬೇಕು, ದಪ್ಪ ಚರ್ಮದವರಿಗೆ ಇನ್ನೂ ಜಾಸ್ತಿ. ಊತ ಇಳಿಯಿತು. ಎದುರಿನಿಂದ ಪರವಾಗಿಲ್ಲ ಅನಿಸುತ್ತಿತ್ತು. ಪಕ್ಕದಿಂದ ನೋಡಿದರೆ ಇತ್ತ ಮೂಗೂ ಇಲ್ಲ, ಅತ್ತ ಗದ್ದವೂ ಇಲ್ಲ.

ಇನ್ನೊಬ್ಬ ಸರ್ಜನ್ ಹತ್ತಿರ ಹೋದೆ. ಅವರು ನನ್ನ ಹಳೆಯ ಫೋಟೊ, ಅಂದರೆ ಮೊದಲ ಸರ್ಜರಿಗಿಂತ ಹಿಂದಿನದ್ದು ಕೇಳಿದರು. ಅದನ್ನು ಕಂಪ್ಯೂಟರಿನಲ್ಲಿ ಹಾಕಿ ಗದ್ದವನ್ನು ಮಾತ್ರ ಮುಂದೆ ತಂದರು, ಮೂಗಿನ ಉಬ್ಬನ್ನು ಒಂಚೂರು ಸವರಿದರು. ನಾನು ಫೋನಿನ ಆ ಫೋಟೊಗಳಲ್ಲಿ ಹುಡುಕುತ್ತಿದ್ದ ಮುಖ ಅಲ್ಲಿತ್ತು. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಗದ್ದದ ಮೂಳೆಯನ್ನು ಕತ್ತರಿಸಿ ಮುಂದಕ್ಕೆ ಸರಿಸಿ ಕೂರಿಸಿದರು. ಮೂಗಿನ ನಡುಗೋಡೆಯ ಕಾರ್ಟಿಲೇಜ್ ಮೊದಲ ಸಲವೇ ಖರ್ಚಾಗಿತ್ತು. ಹಾಗಾಗಿ ಪಕ್ಕೆಲುಬಿನಿಂದ ತೆಗೆದು ಒಳಗಿನ ದಾರಿಗೆ ಆಧಾರ ಕೊಟ್ಟರು. ಉಸಿರಾಟ ಸರಿಹೋಯಿತು. ಎದೆಯ ಹತ್ತಿರ ಒಂದು ಸಣ್ಣ ಕಲೆ ಉಳಿದಿದೆ.

ಈಗ ನಿಮ್ಮ ಫೋಟೊಗೆ ಬರೋಣ. ಆ ನಟಿಯ ಮೂಗು ಅವರ ಮುಖದ ಮೇಲೆ ಚೆನ್ನಾಗಿದೆ, ಅಷ್ಟೇ. ಎರಡು ಕಣ್ಣುಗಳ ಒಳಮೂಲೆಗಳ ನಡುವೆ ಎಷ್ಟು ಅಂತರವೋ ಸುಮಾರು ಅಷ್ಟೇ ಅಗಲ ಹೊಳ್ಳೆಗಳ ಬುಡ ಇರಬೇಕು ಅನ್ನೋದು ಒಂದು ಹಳೆಯ ಅಂದಾಜು. ನಿಮ್ಮ ಕಣ್ಣುಗಳ ನಡುವೆ ಅಂತರ ಜಾಸ್ತಿ ಇದ್ದು, ಹೊಳ್ಳೆ ಮಾತ್ರ ಅವರಷ್ಟೇ ಕಿರಿದು ಮಾಡಿಸಿದರೆ ಮುಖಕ್ಕೆ ಒಗ್ಗುವುದಿಲ್ಲ. ಹುಬ್ಬುಗಳ ನಡುವಿನಿಂದ ಮೂಗು ಶುರುವಾಗುವ ಜಾಗ ಆಳವಾಗಿದ್ದರೆ ಸಣ್ಣ ಉಬ್ಬೂ ದೊಡ್ಡದಾಗಿ ಕಾಣುತ್ತದೆ. ಅಂಥವರಿಗೆ ಆ ತಗ್ಗಿಗೆ ಸ್ವಲ್ಪ ಕಾರ್ಟಿಲೇಜ್ ಇಟ್ಟರೆ ಸಾಕು, ಉಬ್ಬನ್ನು ಜಾಸ್ತಿ ಕತ್ತರಿಸಬೇಕಾಗಿಲ್ಲ. ನಕ್ಕಾಗ ತುದಿ ಕೆಳಗೆ ಎಳೆದುಕೊಳ್ಳುತ್ತಾ? ಅದು ಸ್ನಾಯುವಿನ ಕೆಲಸ. ಗಂಭೀರ ಮುಖದ ಫೋಟೊದಲ್ಲಿ ಗೊತ್ತಾಗಲ್ಲ, ಡಾಕ್ಟರ್ ಮುಂದೆ ನಕ್ಕು ತೋರಿಸಿ. ಒಂದು ಕೆನ್ನೆಯ ಮೂಳೆ ಇನ್ನೊಂದಕ್ಕಿಂತ ಚಪ್ಪಟೆ ಇದ್ದರೆ, ನೆಟ್ಟಗೆ ಮಾಡಿದ ಮೂಗೂ ಸ್ವಲ್ಪ ಸೊಟ್ಟಗೆ ಕಾಣಬಹುದು. ಬಹುತೇಕ ಎಲ್ಲರ ಮುಖವೂ ಎರಡು ಕಡೆ ಒಂದೇ ಸಮ ಇರಲ್ಲ, ಇದನ್ನು ಮೊದಲೇ ತಿಳಿದಿದ್ದರೆ ಆಮೇಲೆ ಕನ್ನಡಿ ಮುಂದೆ ಅಳೋದು ತಪ್ಪುತ್ತದೆ.

ಹಾಂ, ಸೆಲ್ಫಿ ನೋಡಿ ಮೂಗಿನ ಬಗ್ಗೆ ತೀರ್ಮಾನ ಮಾಡಬೇಡಿ. 2018ರಲ್ಲಿ ಅಮೆರಿಕದ ಸಂಶೋಧಕರು ಲೆಕ್ಕ ಹಾಕಿ ತೋರಿಸಿದ್ದಾರೆ: 12 ಇಂಚು ದೂರದಿಂದ ತೆಗೆದ ಫೋಟೊದಲ್ಲಿ ಮೂಗಿನ ಬುಡ, 5 ಅಡಿ ದೂರದಿಂದ ತೆಗೆದದ್ದಕ್ಕಿಂತ ಸುಮಾರು 30 ಪರ್ಸೆಂಟ್ ಅಗಲವಾಗಿ ಕಾಣುತ್ತದೆ. ಬೇರೆಯವರ ಹತ್ತಿರ ದೂರದಿಂದ ಪಕ್ಕದ ಫೋಟೊ ತೆಗೆಸಿ. ಅದರಲ್ಲಿ ಮೂಗನ್ನು ಬೆರಳಿನಿಂದ ಮುಚ್ಚಿ, ಉಳಿದ ಮುಖ ನೋಡಿ.

ಎಲ್ಲರಿಗೂ ಗದ್ದದ ಸರ್ಜರಿ ಬೇಕು ಅಂತ ನಾನು ಹೇಳುತ್ತಿಲ್ಲ. ಸುಮ್ನೆ ಮಾರುವವರೂ ಇದ್ದಾರೆ. ಯಾರಾದರೂ ಹೇಳಿದರೆ ಸಿಟ್ಟಾಗದೆ ಅಳತೆ ತೋರಿಸಿ ಅನ್ನಿ, ಇನ್ನೊಬ್ಬರ ಅಭಿಪ್ರಾಯವನ್ನೂ ಕೇಳಿ. ಮೇಲಿನ-ಕೆಳಗಿನ ಹಲ್ಲು ಸರಿಯಾಗಿ ಕೂರದಿದ್ದರೆ ತೊಂದರೆ ದವಡೆಯಲ್ಲೇ ಇರಬಹುದು, ಆಗ ಮೊದಲು ಹಲ್ಲು-ದವಡೆ ಡಾಕ್ಟರ್ ನೋಡಬೇಕು. ಕಂಪ್ಯೂಟರ್ ಚಿತ್ರವನ್ನೂ ಗ್ಯಾರಂಟಿ ಅಂದುಕೊಳ್ಳಬೇಡಿ. ನಿಮ್ಮ ಚರ್ಮ ಎಷ್ಟು ದಪ್ಪ ಅಂತ ಅದಕ್ಕೆ ಗೊತ್ತಿಲ್ಲ.

ಇನ್ನು ಓಪನ್-ಕ್ಲೋಸ್ಡ್. ಕ್ಲೋಸ್ಡ್‌ನಲ್ಲಿ ಕೊಯ್ತ ಎಲ್ಲ ಹೊಳ್ಳೆಯ ಒಳಗೆ. ಓಪನ್‌ನಲ್ಲಿ ಎರಡು ಹೊಳ್ಳೆಗಳ ನಡುವಿನ ಪಟ್ಟಿಯ ಮೇಲೂ ಒಂದು ಸಣ್ಣ ಕೊಯ್ತ, ಅದರ ಕಲೆ ಸಾಮಾನ್ಯವಾಗಿ ಮಾಸುತ್ತದೆ. ನಿಮ್ಮ ಹಾಗೆ ತುದಿಯ ಕೆಲಸ ಜಾಸ್ತಿ ಇದ್ದರೆ ಹಲವರು ಓಪನ್ ಆರಿಸುತ್ತಾರೆ. ಅದನ್ನು ಸರ್ಜನ್‌ಗೆ ಬಿಡಿ, ಅವರ ಕೈ ಯಾವುದರಲ್ಲಿ ಪಳಗಿದೆಯೋ ಅದೇ ನಿಮಗೂ ಒಳ್ಳೆಯದು.