ಮ್ಯಾಗ್ನೆಟಾನ್ ಇವಾಲ್ವ್ ಆಗಲಿ ಅಂತ ಫೋನಿಗೆ ಆಯಸ್ಕಾಂತ ಅಂಟಿಸಬೇಡಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಪೋಕೆಮಾನ್ ಆಟದ ಒಂದೇ ಜೀವಿಯ ಬಗ್ಗೆ ಇವೆ. ಉಕ್ಕಿನ ಗುಂಡು, ಅದರ ನಡುವೆ ಒಂದೇ ಕಣ್ಣು, ಎರಡು ಪಕ್ಕಕ್ಕೂ ಲಾಳದ ಆಕಾರದ ಆಯಸ್ಕಾಂತ. ಅದೇ ಮ್ಯಾಗ್ನೆಮೈಟ್. ಮೂರು ಗುಂಡು ಕೂಡಿಕೊಂಡರೆ ಮ್ಯಾಗ್ನೆಟಾನ್, ಅದು ಇನ್ನೂ ಬೆಳೆದರೆ ಹಾರುವ ತಟ್ಟೆಯಂಥ ಮ್ಯಾಗ್ನೆಜೋನ್. ಹೀಗೆ ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಬದಲಾಗುವುದೇ ಇವಾಲ್ವ್. ಆಟ ಆಡುವುದು ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ. ಪತ್ರ ಬರೆದವರಿಗೆಲ್ಲ ಅದು ಗೊತ್ತೇ ಇದೆ. ಗೊತ್ತಿಲ್ಲದ್ದು ಬೇರೆ. ಅದಕ್ಕಾಗಿಯೇ ಒಂದು ಪತ್ರಕ್ಕೆ ಹೆಚ್ಚಿನ ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ಸರ್, ನನ್ನ ಮ್ಯಾಗ್ನೆಟಾನ್ ಲೆವೆಲ್ 64 ಆಗಿದೆ. ಇನ್ನೂ ಮ್ಯಾಗ್ನೆಜೋನ್ ಆಗಿಲ್ಲ. ವಿಶೇಷ ಆಯಸ್ಕಾಂತ ಶಕ್ತಿ ಇರುವ ಜಾಗ ಬೇಕು ಅಂತ ಓದಿದೆ. ಒಂದು ವಿಡಿಯೋದಲ್ಲಿ ಹೇಳಿದ ಹಾಗೆ ಹಳೇ ಸ್ಪೀಕರಿನ ಮ್ಯಾಗ್ನೆಟ್ ತೆಗೆದು ಫೋನಿನ ಹಿಂದೆ ಅಂಟಿಸಿ ರಾತ್ರಿಯಿಡೀ ಇಟ್ಟೆ. ಆಗಲಿಲ್ಲ. ಬೆಟ್ಟದ ಮೇಲೆ ಆಗುತ್ತದೆ ಅಂತ ನನ್ನ ಫ್ರೆಂಡ್ ಹೇಳುತ್ತಾನೆ. ಭಾನುವಾರ ಇಬ್ಬರೂ ತಡಿಯಂಡಮೋಳ್ ಹತ್ತೋಣ ಅಂತಿದ್ದೇವೆ. ಅಲ್ಲಿ ಆಗುತ್ತಾ?
(ಒಂಬತ್ತನೇ ಕ್ಲಾಸ್ ವಿದ್ಯಾರ್ಥಿ, ಕಕ್ಕಬ್ಬೆ)

ಉತ್ತರ: ತಮ್ಮಾ, ಮೊದಲು ಆ ಮ್ಯಾಗ್ನೆಟ್ ತೆಗೆ. ಈ ಸಾಲು ಓದಿದ ತಕ್ಷಣ ತೆಗೆ, ಆಮೇಲೆ ಮುಂದಿನದು ಓದು.

ಇಷ್ಟೆಲ್ಲ ಬರೆದಿದ್ದೀಯ, ಆಡುತ್ತಿರುವುದು ಯಾವ ಆಟ ಅಂತ ಮಾತ್ರ ಹೇಳಿಲ್ಲ. ಪತ್ರ ಬರೆಯುವ ಹತ್ತರಲ್ಲಿ ಒಂಬತ್ತು ಜನ ಇದೇ ತಪ್ಪು ಮಾಡುತ್ತಾರೆ. ಪೋಕೆಮಾನ್ ಅಂದರೆ ಒಂದೇ ಆಟ ಅಲ್ಲ. 1996ರಿಂದ ಒಂದಾದ ಮೇಲೊಂದು ಬರುತ್ತಲೇ ಇವೆ, ಒಂದರ ನಿಯಮ ಇನ್ನೊಂದಕ್ಕೆ ಹೊಂದುವುದಿಲ್ಲ. ಜ್ವರ ಅಂತ ಡಾಕ್ಟರ್ ಹತ್ತಿರ ಹೋಗಿ, ಯಾರಿಗೆ ಜ್ವರ ಅಂತ ಹೇಳದೇ ಇದ್ದರೆ ಅವರು ಮದ್ದು ಕೊಡುವುದು ಹೇಗೆ?

ಆದರೂ ನಿನ್ನ ಮಾತಿನಲ್ಲೇ ಸುಳಿವಿದೆ. ಲೆವೆಲ್ 64 ಅಂದಿದ್ದೀಯ. ಹೊರಗೆ ಓಡಾಡಿ ಆಡುವ ಫೋನ್ ಆಟ ಪೋಕೆಮಾನ್ ಗೋ ಆಗಿದ್ದರೆ ಸಿಪಿ, ಅಂದರೆ ಕಾದಾಡುವ ಶಕ್ತಿಯ ಅಂಕಿ, ಎಷ್ಟು ಅಂತ ಹೇಳುತ್ತಿದ್ದೆ. ಆಡುತ್ತಿರುವುದು ಫೋನಿನಲ್ಲಿ. ಅಂದರೆ ಹಳೇ ಆಟವನ್ನು ಎಮ್ಯುಲೇಟರ್ (ಹಳೇ ಗೇಮ್ ಯಂತ್ರದ ಹಾಗೆ ಕೆಲಸ ಮಾಡುವ ಆ್ಯಪ್) ಹಾಕಿಕೊಂಡು ಆಡುತ್ತಿದ್ದೀಯ. ವಿರಾಜಪೇಟೆಯ ನನ್ನ ರಿಪೇರಿ ಟೇಬಲ್ಲಿಗೆ ಬರುವ ಹುಡುಗರ ಫೋನುಗಳಲ್ಲಿ ಕಾಣುವುದು ಹೆಚ್ಚಾಗಿ ಫೈರ್‌ರೆಡ್, ಇಲ್ಲವೇ ಎಮರಾಲ್ಡ್. ಎರಡೂ 2004ರಲ್ಲಿ ಜಪಾನಿನಲ್ಲಿ ಬಂದ ಆಟಗಳು. ಮ್ಯಾಗ್ನೆಜೋನ್ ಹುಟ್ಟಿದ್ದು 2006ರಲ್ಲಿ, ಡೈಮಂಡ್ ಮತ್ತು ಪರ್ಲ್ ಆಟಗಳಲ್ಲಿ. ಹುಟ್ಟೇ ಇಲ್ಲದ ಜೀವಿ ನಿನ್ನ ಆಟಕ್ಕೆ ಎಲ್ಲಿಂದ ಬರಬೇಕು? ಫೈರ್‌ರೆಡ್‌ನಲ್ಲಿ ಲೆವೆಲ್ 100 ಆದರೂ ಮ್ಯಾಗ್ನೆಟಾನ್ ಮ್ಯಾಗ್ನೆಟಾನ್ ಆಗಿಯೇ ಇರುತ್ತದೆ. ಸ್ಪೀಕರ್ ಮ್ಯಾಗ್ನೆಟ್ ಇರಲಿ, ಕ್ರೇನಿನ ಮ್ಯಾಗ್ನೆಟ್ ತಂದರೂ ಅಷ್ಟೇ. ಯಾರೋ ತಿದ್ದಿ ಬಿಟ್ಟ ಕಾಪಿ ಆಗಿದ್ದರೆ ಅದರ ನಿಯಮ ತಿದ್ದಿದವನಿಗೇ ಗೊತ್ತು. ಅಂಥ ಕಾಪಿಗಳನ್ನು ಫೋನಿಗೆ ಹಾಕಿಕೊಡಿ ಅಂತ ನನ್ನ ಹತ್ತಿರ ಬರಬೇಡಿ, ನಾನು ಹಾಕಿಕೊಡುವುದಿಲ್ಲ.

ಡೈಮಂಡ್, ಪರ್ಲ್, ಪ್ಲಾಟಿನಂ ಆಡುವವರು ಆಟದಲ್ಲಿರುವ ಮೌಂಟ್ ಕೊರೊನೆಟ್ ಬೆಟ್ಟದ ಒಳಗೆ ಹೋಗಬೇಕು. ಹೋಗಿ ನಿಂತರೆ ಸಾಲದು. ಅಲ್ಲಿದ್ದಾಗಲೇ ಒಂದು ಲೆವೆಲ್ ಏರಬೇಕು. ಕಾದಾಡಿ ಏರಿಸಿದರೂ ಸರಿ, ಒಂದು ಲೆವೆಲ್ ಏರಿಸುವ ರೇರ್ ಕ್ಯಾಂಡಿ ತಿನ್ನಿಸಿದರೂ ಸರಿ. ಇಲ್ಲಿ ತುಂಬಾ ಜನ ಮೋಸ ಹೋಗುತ್ತಾರೆ: ಊರೂರು ಸುತ್ತಿ ಲೆವೆಲ್ 100 ಮಾಡಿಕೊಂಡು ಆಮೇಲೆ ಬೆಟ್ಟಕ್ಕೆ ತರುತ್ತಾರೆ. ಆ ಹಳೇ ಆಟಗಳಲ್ಲಿ 100ರ ಮೇಲೆ ಏರಲು ಲೆವೆಲ್ಲೇ ಇಲ್ಲ. ಹಾಗಾಗಿ ಇವಾಲ್ವ್ ಆಗುವುದೂ ಇಲ್ಲ. 99ರಲ್ಲಿದ್ದರೂ ಪರವಾಗಿಲ್ಲ, ಒಂದು ಲೆವೆಲ್ ಕೈಯಲ್ಲಿ ಉಳಿಸಿಕೊಂಡು ಹೋಗಿ. ಇವಾಲ್ವ್ ಆಗದಂತೆ ತಡೆಯುವ ಎವರ್‌ಸ್ಟೋನ್ ಹಿಡಿಸಿದ್ದರೆ ಅದನ್ನೂ ಬಿಡಿಸಿ.

ಬ್ಲ್ಯಾಕ್, ವೈಟ್ ಆಟಗಳಲ್ಲಿ ಆ ಜಾಗ ಚಾರ್ಜ್‌ಸ್ಟೋನ್ ಕೇವ್. ಎಕ್ಸ್, ವೈ ಆದರೆ ರೂಟ್ 13. ಒಮೆಗಾ ರೂಬಿ, ಆಲ್ಫಾ ಸಫೈರ್ ಆದರೆ ನ್ಯೂ ಮಾವಿಲ್. ಸನ್, ಮೂನ್ ಆದರೆ ವಾಸ್ಟ್ ಪೋನಿ ಕ್ಯಾನ್ಯನ್. ಹಾರ್ಟ್‌ಗೋಲ್ಡ್, ಸೋಲ್‌ಸಿಲ್ವರ್‌ನಲ್ಲಿ ಅಂಥ ಜಾಗವೇ ಇಲ್ಲ. ಅಲ್ಲಿ ಮ್ಯಾಗ್ನೆಜೋನ್ ಬೇಕಾದರೆ ಬೇರೆ ಆಟದಿಂದ ಟ್ರೇಡ್ ಮಾಡಿ ತರಬೇಕು. ಇದು ಗೊತ್ತಿಲ್ಲದೆ ಗುಹೆಯಿಂದ ಗುಹೆಗೆ ವಾರಗಟ್ಟಲೆ ಅಲೆದವರನ್ನು ನೋಡಿದ್ದೇನೆ. ಸ್ವೋರ್ಡ್, ಶೀಲ್ಡ್ ಬಂದ ಮೇಲೆ ಎಲ್ಲ ಸಲೀಸು. ಥಂಡರ್ ಸ್ಟೋನ್ ಅನ್ನುವ ಕಲ್ಲು ತೋರಿಸಿದರೆ ಆಯಿತು. 2022ರ ಸ್ಕಾರ್ಲೆಟ್, ವಯೊಲೆಟ್‌ನಲ್ಲೂ ಅದೇ.

ಈಗ ಮ್ಯಾಗ್ನೆಟ್ ವಿಷಯ. ಆಟದ ಒಳಗಿನ ಆಯಸ್ಕಾಂತ ಕ್ಷೇತ್ರ ಅನ್ನುವುದು ಒಂದು ಹೆಸರು ಅಷ್ಟೇ. ಆಟ ಪರೀಕ್ಷೆ ಮಾಡುವುದು ಎರಡೇ: ನೀನು ಆಟದ ಯಾವ ಜಾಗದಲ್ಲಿದ್ದೀಯ, ಈಗ ತಾನೇ ಲೆವೆಲ್ ಏರಿತಾ. ಫೋನಿನ ಹಿಂದೆ ಏನು ಅಂಟಿದೆ ಅಂತ ಅದು ನೋಡುವುದೇ ಇಲ್ಲ. ಆದರೆ ಫೋನಿಗೆ ಅದು ಗೊತ್ತಾಗುತ್ತದೆ. ಕೊಡಗಿನಲ್ಲಿ ಭೂಮಿಯ ಆಯಸ್ಕಾಂತ ಶಕ್ತಿ ಸುಮಾರು 40 ಮೈಕ್ರೋಟೆಸ್ಲಾ, ತೀರಾ ಸಣ್ಣದು. ಅಷ್ಟು ಸಣ್ಣದನ್ನು ಅಳೆದು ಉತ್ತರ ಯಾವ ಕಡೆ ಅಂತ ಹೇಳುವ ಚಿಪ್ ನಿನ್ನ ಫೋನಿನಲ್ಲಿದೆ. ಅದರ ಬೆನ್ನಿಗೇ ನೂರಾರು ಪಟ್ಟು ಬಲದ ಮ್ಯಾಗ್ನೆಟ್ ಇಟ್ಟರೆ ಅದರ ಗತಿ ಏನು?

ಹೋದ ತಿಂಗಳು ಇದೇ ವಿಡಿಯೋ ನೋಡಿದ ಇನ್ನೊಬ್ಬ ಹುಡುಗನ ಫೋನ್ ನನ್ನ ಟೇಬಲ್ಲಿಗೆ ಬಂತು. ಕಂಪಾಸ್ ತೆರೆದು ಇಟ್ಟೆ. ಬಾಗಿಲು ಇರುವ ಪೂರ್ವ ದಿಕ್ಕನ್ನೇ ಅದು ಉತ್ತರ ಅಂತ ತೋರಿಸುತ್ತಿತ್ತು. ಮ್ಯಾಪ್‌ನಲ್ಲಿ ನೀಲಿ ಬಾಣ ಗಿರಗಿರ ತಿರುಗುತ್ತಿತ್ತು. ಕ್ಯಾಮೆರಾ ತೆರೆದರೆ ಚಿತ್ರ ಸಣ್ಣಗೆ ನಡುಗುತ್ತಿತ್ತು, ಕಿವಿ ಹತ್ತಿರ ಹಿಡಿದರೆ ಗುಂಯ್ ಅನ್ನುವ ಸದ್ದು. ಆ ಫೋನಿನ ಕ್ಯಾಮೆರಾದಲ್ಲಿ ಕೈ ಅಲುಗಾಟ ಸರಿ ಮಾಡುವ ವ್ಯವಸ್ಥೆ ಇತ್ತು. ಅದರ ಲೆನ್ಸ್ ಸುತ್ತ ಪುಟ್ಟ ಮ್ಯಾಗ್ನೆಟ್, ಕಾಯಿಲ್ ಇರುತ್ತವೆ. ಹೊರಗಿನ ಮ್ಯಾಗ್ನೆಟ್ ಅದನ್ನು ಎಳೆದಾಡುತ್ತದೆ. ಫೋನಿನ ಕವರ್ ತೆಗೆದು ನೋಡಿದರೆ ಸ್ಪೀಕರ್ ಮ್ಯಾಗ್ನೆಟ್ಟಿನ ಒಂದು ಚೂರು ಒಳಗೇ ಉಳಿದಿತ್ತು. ಚೂರು ತೆಗೆದ ಮೇಲೆ ಫೋನನ್ನು ಗಾಳಿಯಲ್ಲಿ ಇಂಗ್ಲಿಷಿನ ಎಂಟರ ಆಕಾರದಲ್ಲಿ ನಾಲ್ಕೈದು ಸಲ ತಿರುಗಿಸಿದೆ. ಕಂಪಾಸ್ ದಾರಿಗೆ ಬಂತು, ಕ್ಯಾಮೆರಾ ಕೂಡ ನೆಟ್ಟಗಾಯಿತು. ಆ ಹುಡುಗನ ಅದೃಷ್ಟ. ನಿನ್ನ ಫೋನಿಗೂ ಮೊದಲು ಇದನ್ನೇ ಮಾಡು. ಸರಿ ಹೋಗದಿದ್ದರೆ ಹತ್ತಿರದ ರಿಪೇರಿಯವರಿಗೆ ತೋರಿಸು, ಮ್ಯಾಗ್ನೆಟ್ ಇಟ್ಟಿದ್ದೆ ಅಂತ ನಿಜ ಹೇಳು. ಇಂಥ ವಿಡಿಯೋ ಮಾಡುವವರ ಮೇಲೆ ನನಗೆ ಸಿಟ್ಟಿದೆ. ಮಕ್ಕಳ ಫೋನ್ ಹಾಳಾದರೆ ಅವರಿಗೇನೂ ನಷ್ಟ ಇಲ್ಲ. ಆ ಫೋನಿನ ಕಂತು ಕಟ್ಟುವವರು ಅಪ್ಪ ಅಮ್ಮ.

ಇನ್ನು ತಡಿಯಂಡಮೋಳ್. 1748 ಮೀಟರ್ ಎತ್ತರದ, ಕೊಡಗಿನ ಅತಿ ಎತ್ತರದ ಬೆಟ್ಟ. ಅದರ ತುದಿಯಲ್ಲೂ ನಿಮ್ಮ ಮನೆಯ ಅಡುಗೆಕೋಣೆಯಲ್ಲೂ ಭೂಮಿಯ ಆಯಸ್ಕಾಂತ ಶಕ್ತಿ ಹೆಚ್ಚುಕಡಿಮೆ ಒಂದೇ. ಆಟಕ್ಕೆ ಎರಡೂ ಲೆಕ್ಕಕ್ಕಿಲ್ಲ. ಕಕ್ಕಡ ತಿಂಗಳ ಮಳೆಯಲ್ಲಿ, ದೊಡ್ಡವರು ಯಾರೂ ಇಲ್ಲದೆ, ಕಣ್ಣು ಫೋನಿನ ಮೇಲೆ ಇಟ್ಟುಕೊಂಡು ಇಬ್ಬರು ಹುಡುಗರು ಆ ಬೆಟ್ಟ ಹತ್ತುವುದು ಬೇಡವೇ ಬೇಡ. ನಾಲ್ಕುನಾಡು ಅರಮನೆ ದಾಟಿದ ಮೇಲೆ ಮಂಜು ಮುಚ್ಚಿಕೊಂಡರೆ ಹತ್ತು ಹೆಜ್ಜೆ ಮುಂದಿನದು ಕಾಣುವುದಿಲ್ಲ ಅಂತ ನಿನಗೆ ನಾನು ಹೇಳಬೇಕಾಗಿಲ್ಲ, ನೀನು ಅಲ್ಲಿಯವನೇ. ಜಿಗಣೆ ಕಚ್ಚಿದರೆ ಉಪ್ಪು ಹಾಕಬಹುದು. ಆನೆ ಎದುರಾದರೆ ಏನು ಮಾಡುತ್ತೀಯ? ಮಳೆ ಮುಗಿಯಲಿ, ಮನೆಯವರ ಜೊತೆ ಹೋಗು. ಫೋನ್ ಜೇಬಿನಲ್ಲಿರಲಿ.

ಗೋ ಆಡುವವರಿಗೂ ಇಲ್ಲೇ ಹೇಳಿಬಿಡುತ್ತೇನೆ, ಅವರದೂ ಇದೇ ಗೋಳು. ಗೋದಲ್ಲಿ ಬೇಕಾಗುವುದು ಮ್ಯಾಗ್ನೆಟಿಕ್ ಲೂರ್ ಅನ್ನುವ ಸಾಮಾನು. 2019ರಲ್ಲಿ ಬಂತು. ಅದನ್ನು ಒಂದು ಪೋಕೆಸ್ಟಾಪ್‌ಗೆ (ಆಟದ ಮ್ಯಾಪಿನಲ್ಲಿ ಗುರುತಿಸಿದ ನಿಜವಾದ ಜಾಗಕ್ಕೆ) ಹಾಕಿ, ಆ ಸ್ಟಾಪ್ ಕೈಗೆ ಸಿಗುವಷ್ಟು ಹತ್ತಿರ ನಿಂತರೆ ಮಾತ್ರ ಇವಾಲ್ವ್ ಬಟನ್ ಜೀವ ಪಡೆಯುತ್ತದೆ. ಮಾಮೂಲಿ ದಿನಗಳಲ್ಲಿ ಅರ್ಧ ಗಂಟೆ ಸಮಯ. ಅದಕ್ಕೆ ಮೊದಲು 100 ಮ್ಯಾಗ್ನೆಮೈಟ್ ಕ್ಯಾಂಡಿ ಇದೆಯಾ ಅಂತ ಎಣಿಸಿ. ಗೋಣಿಕೊಪ್ಪದ ಒಬ್ಬಳು ಹುಡುಗಿ ಕಾಸು ಕೊಟ್ಟು ತಗೊಂಡ ಲೂರ್ ಹಾಕಿದ ಮೇಲೆ ನೋಡುತ್ತಾಳೆ, ಕ್ಯಾಂಡಿ 88. ಅರ್ಧ ಗಂಟೆಯಲ್ಲಿ ಹನ್ನೆರಡು ಕ್ಯಾಂಡಿಗೆ ಓಡಾಡಿದರೂ ಸಿಗಲಿಲ್ಲ. ಬೇರೆ ಯಾರಾದರೂ ಹಾಕಿದ ಲೂರ್ ಇದ್ದರೆ ಅದರ ಹತ್ತಿರ ನಿಂತರೂ ನಡೆಯುತ್ತದೆ, ನಿಮ್ಮದೇ ಆಗಬೇಕು ಅಂತ ಇಲ್ಲ. ತೋಟದ ಮನೆಗಳ ಹತ್ತಿರ ಸ್ಟಾಪ್ ಸಿಗುವುದು ಕಷ್ಟ, ನಿಜ. ಅದಕ್ಕಾಗಿ ಸಂಜೆ ಹೊತ್ತು ತೋಟದ ದಾರಿಯಲ್ಲಿ ಇಯರ್‌ಫೋನ್ ಹಾಕಿಕೊಂಡು ಹುಡುಕುತ್ತಾ ಹೋಗಬೇಡಿ. ಆನೆ ಕಾಫಿ ಗಿಡದ ಮರೆಯಲ್ಲಿ ನಿಂತಿದ್ದರೆ ಕೊಂಬೆ ಮುರಿಯುವ ಸದ್ದೇ ನಿಮಗೆ ಸಿಗುವ ಎಚ್ಚರಿಕೆ. ಮಡಿಕೇರಿಗೋ ವಿರಾಜಪೇಟೆಗೋ ಸಂತೆ ಸಾಮಾನಿಗೆ ಮನೆಯವರು ಹೋಗುವ ದಿನ ಜೊತೆಗೆ ಹೋಗಿ, ಹಗಲಲ್ಲೇ ಕೆಲಸ ಮುಗಿಸಿ.

ಪ್ರಶ್ನೆ: ಕರೆಂಟ್ ಹೋದಾಗಲೆಲ್ಲ ನನ್ನ ಮಗ ಫ್ಯೂಸ್ ಬಾಕ್ಸ್ ತೆರೆದು ನೋಡುತ್ತಾನೆ. ಮ್ಯಾಗ್ನೆಮೈಟ್ ಅಲ್ಲಿ ಅಂಟಿಕೊಂಡಿರುತ್ತದೆ ಅಂತಾನೆ. ಏಳು ವರ್ಷ. ಬೈದರೆ ಆಟದಲ್ಲೇ ಹೇಳಿದೆ ಅಂತಾನೆ. ಹೌದೇ?
(ತಾಯಿ, ನಾಪೋಕ್ಲು)

ಉತ್ತರ: ಹೌದು ಅಕ್ಕಾ, ಆಟದಲ್ಲಿ ಹಾಗೆ ಬರೆದಿದೆ. 2002ರ ರೂಬಿ ಆಟದಲ್ಲಿ ಮ್ಯಾಗ್ನೆಮೈಟ್ ವಿದ್ಯುತ್ ತಂತಿಗೆ ಅಂಟಿಕೊಂಡು ಕರೆಂಟ್ ಕುಡಿಯುತ್ತದೆ, ಮನೆಯಲ್ಲಿ ಕರೆಂಟ್ ಹೋದರೆ ಬ್ರೇಕರ್ ಪೆಟ್ಟಿಗೆ ನೋಡಿ, ಅಲ್ಲಿ ಗುಂಪಾಗಿ ಅಂಟಿಕೊಂಡಿರಬಹುದು ಅಂತಲೇ ಇದೆ. ನಿಮ್ಮ ಮಗ ಸುಳ್ಳು ಹೇಳುತ್ತಿಲ್ಲ. ಹಾಗಾಗಿ ಸುಳ್ಳುಗಾರ ಅಂತ ಬೈಯಬೇಡಿ, ನಂಬುವುದಿಲ್ಲ ಅಂತ ಅನಿಸಿದರೆ ಕದ್ದು ತೆರೆಯುತ್ತಾನೆ.

ಆದರೆ ಇವತ್ತೇ ಆ ಬಾಕ್ಸಿಗೆ ಬೀಗ ಹಾಕಿಸಿ. ಕರೆಂಟ್ ಹೋಗಿದೆ ಅಂದರೆ ತಂತಿ ಸತ್ತಿದೆ ಅಂತ ಅರ್ಥ ಅಲ್ಲ. ಯಾವ ಕ್ಷಣದಲ್ಲೂ ವಾಪಸ್ ಬರಬಹುದು. ಮಳೆಗಾಲದಲ್ಲಿ ಗೋಡೆ ತೇವ, ನೆಲ ತೇವ, ಮಗುವಿನ ಕೈ ತೇವ. ನಮ್ಮಲ್ಲಿ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಗುತ್ತದೆ, ಲೈನ್‌ಮ್ಯಾನ್ ಬಂದು ಮರ ತೆಗೆದ ಮೇಲೆ ಬರುತ್ತದೆ. ಅದನ್ನು ಅವನಿಗೆ ತೋರಿಸಿ. ಮುಂದಿನ ಸಲ ಲೈನ್‌ಮ್ಯಾನ್ ಕಂಬ ಹತ್ತುವಾಗ ದೂರ ನಿಲ್ಲಿಸಿಕೊಂಡು, ಕೈಗವಸು ಯಾಕೆ, ಸೊಂಟದ ಬೆಲ್ಟ್ ಯಾಕೆ ಅಂತ ಕೇಳಿ. ಏಳು ವರ್ಷದ ಮಗುವಿಗೆ ಅದು ಅರ್ಥವಾಗುತ್ತದೆ. ತುಂಡಾದ ತಂತಿ ತೋಟದಲ್ಲಿ ಬಿದ್ದಿದ್ದರೆ ಹತ್ತಿರ ಹೋಗದೆ ಓಡಿ ಬಂದು ಹೇಳು ಅನ್ನುವುದನ್ನೂ ಕಲಿಸಿ.

ಪ್ರಶ್ನೆ: ಮ್ಯಾಗ್ನೆಜೋನ್ ಗಾಳಿಯಲ್ಲಿ ತೇಲುತ್ತದೆ. ಹಾಗಿದ್ದರೂ ಅರ್ತ್‌ಕ್ವೇಕ್ ಒಂದೇ ಏಟಿಗೆ ಯಾಕೆ ಸಾಯಿಸುತ್ತದೆ? ಇದು ಅನ್ಯಾಯ ಅಲ್ವಾ?
(ಸುಂಟಿಕೊಪ್ಪ)

ಉತ್ತರ: ಚಿತ್ರದಲ್ಲಿ ತೇಲುತ್ತದೆ. ಆದರೆ ನೆಲದ ಏಟಿನಿಂದ ಕಾಪಾಡುವ ಲೆವಿಟೇಟ್ ಅನ್ನುವ ಶಕ್ತಿ ಅದಕ್ಕೆ ಕೊಟ್ಟಿಲ್ಲ. ಅದು ಎಲೆಕ್ಟ್ರಿಕ್, ಸ್ಟೀಲ್ ಎರಡೂ ಜಾತಿಯದು, ಅರ್ತ್‌ಕ್ವೇಕ್ ಗ್ರೌಂಡ್ ಜಾತಿಯ ಏಟು. ಎಲೆಕ್ಟ್ರಿಕ್‌ಗೂ ಸ್ಟೀಲ್‌ಗೂ ಗ್ರೌಂಡ್ ಅಂದರೆ ಎರಡು ಪಟ್ಟು ಏಟು, ಎರಡೂ ಸೇರಿದರೆ ನಾಲ್ಕು ಪಟ್ಟು. ಏರ್ ಬಲೂನ್ ಹಿಡಿಸಿ, ಒಂದು ಏಟು ಬೀಳುವವರೆಗೆ ಕಾಪಾಡುತ್ತದೆ. ಮ್ಯಾಗ್ನೆಟ್ ರೈಸ್ ಕಲಿಸಿದರೆ ಐದು ಸುತ್ತು ನಿಜವಾಗಿಯೂ ತೇಲುತ್ತದೆ.

ಪ್ರಶ್ನೆ: ಇಷ್ಟು ನಿಧಾನದ ಜೀವಿಯನ್ನು ಸಾಕುವುದು ಸುಮ್ನೆ ವೇಸ್ಟ್ ಅಲ್ವಾ?

ಉತ್ತರ: ಅಲ್ಲವೇ ಅಲ್ಲ. ವೇಗ 60 ಇರಬಹುದು, ಸ್ಪೆಷಲ್ ಅಟ್ಯಾಕ್ 130 ಇದೆ. ಮ್ಯಾಗ್ನೆಟ್ ಪುಲ್ ಶಕ್ತಿ ಇರುವುದನ್ನು ಹಿಡಿದಿದ್ದರೆ ಎದುರಿನ ಸ್ಟೀಲ್ ಜೀವಿ ಓಡಿಹೋಗಲು ಆಗುವುದಿಲ್ಲ. ಸ್ಟೀಲ್ ಹಕ್ಕಿ ಸ್ಕಾರ್ಮರಿ ಮುಂದೆ ಬಂದಾಗ ಇಳಿಸಿ, ಥಂಡರ್‌ಬೋಲ್ಟ್ ಬಿಡಿ. ಹದಿನೈದು ವರ್ಷದಿಂದ ನನ್ನ ತಂಡದಲ್ಲಿ ಅದಕ್ಕೆ ಜಾಗ ಇದೆ.

ಪ್ರಶ್ನೆ: ಮ್ಯಾಗ್ನೆಟಾನ್ ಮಾಡಲು ಮೂರು ಮ್ಯಾಗ್ನೆಮೈಟ್ ಹಿಡಿಯಬೇಕಾ?

ಉತ್ತರ: ಬೇಡ. ಒಂದೇ ಸಾಕು, ಲೆವೆಲ್ 30ಕ್ಕೆ ಆಗುತ್ತದೆ.

ಪ್ರಶ್ನೆ: ಗಂಡು ಮ್ಯಾಗ್ನೆಮೈಟ್ ಎಲ್ಲಿ ಸಿಗುತ್ತದೆ?

ಉತ್ತರ: ಎಲ್ಲೂ ಸಿಗುವುದಿಲ್ಲ. ಅದಕ್ಕೆ ಗಂಡು ಹೆಣ್ಣು ಇಲ್ಲ. ಮೊಟ್ಟೆ ಬೇಕಾದರೆ ಯಾವ ಜೀವಿಯ ರೂಪ ಬೇಕಾದರೂ ತಾಳುವ ಡಿಟ್ಟೋ ಜೊತೆ ಬಿಡಿ.

ಪ್ರಶ್ನೆ: ಅಣ್ಣನ ಹಳೇ ಆಟದಲ್ಲಿ ಮ್ಯಾಗ್ನೆಮೈಟ್ ಬರೀ ಎಲೆಕ್ಟ್ರಿಕ್. ನನ್ನದರಲ್ಲಿ ಸ್ಟೀಲ್ ಕೂಡ ಇದೆ. ಯಾವುದು ತಪ್ಪು?

ಉತ್ತರ: ಎರಡೂ ಸರಿ. ಮೊದಲ ಆಟಗಳಲ್ಲಿ ಸ್ಟೀಲ್ ಅನ್ನುವ ಜಾತಿಯೇ ಇರಲಿಲ್ಲ. 1999ರಲ್ಲಿ ಗೋಲ್ಡ್, ಸಿಲ್ವರ್ ಬಂದಾಗ ಅದನ್ನು ಸೇರಿಸಿದರು, ಮ್ಯಾಗ್ನೆಮೈಟ್‌ಗೂ ಕೊಟ್ಟರು.

ಪ್ರಶ್ನೆ: ಒಂದು ಸೈಟಿನಲ್ಲಿ ಲಾಗಿನ್ ಮಾಡಿದರೆ ಗೋ ಕಾಯಿನ್ ಫ್ರೀ ಕೊಡುತ್ತಾರಂತೆ. ಲೂರ್ ತಗೊಳ್ಳಬಹುದು ಅಂತ ನನ್ನ ಇಮೇಲ್, ಪಾಸ್‌ವರ್ಡ್ ಕೊಟ್ಟೆ. ಮೂರು ದಿನ ಆಯಿತು, ಇನ್ನೂ ಬಂದಿಲ್ಲ. ಎಷ್ಟು ದಿನ ಕಾಯಬೇಕು?
(ಕುಶಾಲನಗರ)

ಉತ್ತರ: ಬರುವುದಿಲ್ಲ. ಅವರು ಕಳ್ಳರು. ಅದೇ ಇಮೇಲ್‌ಗೆ ಬ್ಯಾಂಕ್ ಕೂಡ ಜೋಡಿಸಿದ್ದರೆ ಮನೆಯಲ್ಲಿ ಈಗಲೇ ಹೇಳಿ, ಬೈದರೂ ಪರವಾಗಿಲ್ಲ. ರಾತ್ರಿ ಊಟಕ್ಕೆ ಕೂರುವ ಮೊದಲು ಪಾಸ್‌ವರ್ಡ್ ಬದಲಾಯಿಸಿ.